ಬಾವಿ ಎಂಜಿನ್ನಿನ ಸೈಲೆನ್ಸರ್ ಪ್ರಸಂಗ

ಕೋಲಾರದ ಸೀಮೆಯಲ್ಲಿ ಯಾವ ಮಾತು ಎತ್ತಿದರೂ ಕೊನೆಗೆ ನೀರಿನ ಬುಡಕ್ಕೇ ಬಂದು ನಿಲ್ಲುತ್ತದೆ. ಹೆಣ್ಣು ಕೊಡುವುದಾಗಲಿ, ಸೀಮೆಹಸು ತರುವುದಾಗಲಿ, ಮಾವಿನ ತೋಪು ಗುತ್ತಿಗೆ ಹಿಡಿಯುವುದಾಗಲಿ, ಮೊದಲ ಪ್ರಶ್ನೆ "ನೀರು ಹೆಂಗೈತೆ?" ಎಂಬುದೇ. ಆದರೆ ಹಳೇ ಡೀಸೆಲ್ ಎಂಜಿನ್ನಿನ ಸೈಲೆನ್ಸರ್ ಬದಲಾಯಿಸಬೇಕೋ ಬೇಡವೋ ಎಂಬಷ್ಟು ಸಣ್ಣ ವಿಷಯವೂ ಅದೇ ದಾರಿ ಹಿಡಿಯುತ್ತದೆಂದು ನಾನು ಎಣಿಸಿರಲಿಲ್ಲ.

ಎಂಜಿನ್ ನಮ್ಮ ತಾತ ಕೊಂಡದ್ದು. ಐದು ಎಚ್‌ಪಿ, ಒಂಟಿ ಸಿಲಿಂಡರು. ಹ್ಯಾಂಡಲ್ ಹಾಕಿ ಗಟ್ಟಿಯಾಗಿ ತಿರುವಿದರೆ ಮಾತ್ರ ಏಳುವ ಜಾತಿ. ಶ್ರೀನಿವಾಸಪುರದ ರಸ್ತೆ ಕಡೆಯ ನಮ್ಮ ಬಾವಿಗೆ ಬಹಳ ಕಾಲ ಅದೇ ಗತಿಯಾಗಿತ್ತು. ನಮ್ಮ ಜಿಲ್ಲೆಯ ತಮಾಷೆ ನೋಡಿ: ಶಿವನಸಮುದ್ರದ ಕರೆಂಟು 1902ರಲ್ಲೇ ತಂತಿ ಹಿಡಿದು ಕೋಲಾರದ ಚಿನ್ನದ ಗಣಿಗೆ ಬಂದುಬಿಟ್ಟಿತ್ತು. ಬೆಂಗಳೂರಿನ ಬೀದಿಗೆ ದೀಪ ಹತ್ತಿದ್ದು 1905ರಲ್ಲಿ. ಕಲ್ಲು ಕುಟ್ಟಿ ಚಿನ್ನ ತೆಗೆಯುವುದಕ್ಕೆ ಅಷ್ಟು ಬೇಗ ಬಂದ ಕರೆಂಟು, ಪಕ್ಕದ ಬಾವಿಯಿಂದ ನೀರೆತ್ತಿ ರಾಗಿಗೆ ಹಾಯಿಸುವುದಕ್ಕೆ ಬರಲು ಎರಡು ತಲೆಮಾರು ತೆಗೆದುಕೊಂಡಿತು.

ಕರೆಂಟು ಬರುವ ಹೊತ್ತಿಗೆ ಬಾವಿಯೇ ಬತ್ತಿತು. ಬೋರ್‌ವೆಲ್ಲುಗಳು ಐನೂರಡಿ ದಾಟಿದವು, ಸಾವಿರ ದಾಟಿದವು, ಇನ್ನೂ ಕೆಳಗೆ ಹೋದವು. ಎಂಜಿನ್ ಟಾರ್ಪಾಲ್ ಹೊದ್ದು ಶೆಡ್ಡಿನಲ್ಲಿ ಮಲಗಿತು. ಮೇಲೆದ್ದು ನಿಂತಿದ್ದ ಹೊಗೆ ಕೊಳವೆಯ ಬಾಯಿಗೆ ಮಳೆ ಬೀಳದ ಹಾಗೆ ಯಾರೋ ಒಂದು ಖಾಲಿ ಡಬ್ಬ ಕವುಚಿದ್ದರು. ಡಬ್ಬ ಯಾವುದೋ ಗಾಳಿಗೆ ಹಾರಿಹೋಯಿತು. ಆಮೇಲೆ ಆ ಕೊಳವೆಯಲ್ಲಿ ಅಳಿಲು ಸಂಸಾರ ಹೂಡಿತು.

ಹೀಗಿರುವಾಗ 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ನೀರು ಲಕ್ಷ್ಮೀಸಾಗರದ ಕೆರೆಗೆ ಬಂದು ಬಿತ್ತು. ಬೆಂಗಳೂರಿನವರು ಮಿಂದು, ಒಗೆದು, ಮತ್ತೂ ಏನೇನೋ ಮಾಡಿ ಬಿಟ್ಟ ನೀರನ್ನು ಸಂಸ್ಕರಿಸಿ, ದಿನಕ್ಕೆ 440 ದಶಲಕ್ಷ ಲೀಟರ್ ಲೆಕ್ಕದಲ್ಲಿ ನಮ್ಮ ಕೆರೆಗಳಿಗೆ ತುಂಬಿಸುವ ಯೋಜನೆ. ಹೊಸತರಲ್ಲಿ ನೀರಿನ ಜೊತೆ ನೊರೆಯೂ ಬಂತು, ವಿಷಯ ಕೋರ್ಟಿಗೂ ಹೋಗಿ ಬಂತು. ಕೆರೆಗೆ ಪಂಪು ಇಟ್ಟು ನೇರವಾಗಿ ಎತ್ತುವಂತಿಲ್ಲ; ನೆಲಕ್ಕೆ ಇಂಗಿ ಬಾವಿಗೆ ಬಂದರೆ ಮಾತ್ರ ನಮ್ಮದು. ಅದರ ಮೇಲೆ 2021ರ ನವೆಂಬರ್ ಮಳೆ ಬೇರೆ. ಎಷ್ಟೋ ವರ್ಷದಿಂದ ಕೋಡಿ ಕಾಣದ ಕೆರೆಗಳು ಕೋಡಿ ಬಿದ್ದವು. ನಮ್ಮ ಬಾವಿಯಲ್ಲೂ ನೀರು ಕಂಡಿತು. ಅಜ್ಜಿ ಹೋಗಿ ಅರಿಶಿನ ಕುಂಕುಮ ಹಾಕಿ ಬಂದರು; ಚಿಕ್ಕಪ್ಪ ಹೋಗಿ ಟಾರ್ಪಾಲ್ ತೆಗೆದರು.

ಎಂಜಿನ್ ಎದ್ದಿತು. ಅದರ ಜೊತೆಗೆ ಊರೂ ಎದ್ದಿತು.

ಸೈಲೆನ್ಸರ್ ಹೊರಗೆ ನೋಡಲು ಇತ್ತು, ಒಳಗೆ ಏನೂ ಉಳಿದಿರಲಿಲ್ಲ. ಡೀಸೆಲ್ ಉರಿದರೆ ಹೊಗೆಯ ಜೊತೆ ನೀರಾವಿಯೂ ಹುಟ್ಟುತ್ತದೆ. ಎಂಜಿನ್ ಚೆನ್ನಾಗಿ ಕಾಯುವ ಮುಂಚೆಯೇ ನಿಲ್ಲಿಸಿದರೆ ಆ ಆವಿ ತಣ್ಣನೆಯ ತಗಡಿನ ಮೇಲೆ ಹನಿಗಟ್ಟಿ, ಡೀಸೆಲ್ಲಿನ ಗಂಧಕದೊಂದಿಗೆ ಸೇರಿ ಆಮ್ಲವಾಗಿ, ಒಳಗಿನಿಂದಲೇ ತಿನ್ನುತ್ತದೆ. ನಿಮಿಷಕ್ಕೆ 1500 ಸುತ್ತು ತಿರುಗುವ ಎಂಜಿನ್ನು ಎರಡು ಸುತ್ತಿಗೊಮ್ಮೆ ಹೊಗೆ ಉಗುಳುತ್ತದೆ. ಅಂದರೆ ನಿಮಿಷಕ್ಕೆ 750 ಪಟಾಕಿ. ಮೊದಲ ದಿನ ಎಮ್ಮೆ ಹಗ್ಗ ಕಿತ್ತುಕೊಂಡು ಹೋದದ್ದಕ್ಕೆ ಎಮ್ಮೆಯನ್ನು ಯಾರೂ ಬೈಯಲಿಲ್ಲ.

ಆಗ ಶುರುವಾಯಿತು ಸಮಾಲೋಚನೆ. ಇಟ್ಟಿಗೆ ಗೂಡಿನ ಎಂಜಿನ್ನುಗಳನ್ನೆಲ್ಲ ರಿಪೇರಿ ಮಾಡುವ ಮಾಲೂರಿನ ಮೇಸ್ತ್ರಿಯನ್ನು ಕರೆಸಿ, ವೆಲ್ಡಿಂಗ್ ಹಾಕಿದರೆ ಆದೀತೇ ಎಂದು ಕೇಳಿದೆವು. ಅವನು ಬೆರಳಲ್ಲಿ ಒತ್ತಿ ನೋಡಿದ. ಬೆರಳು ಆ ಕಡೆ ಬಂತು. "ತಗಡಿದ್ರೆ ವೆಲ್ಡಿಂಗ್ ಹಾಕಬೋದು ಸಾಮಿ. ತೂತಿಗೆ ತೂತು ಅಂಟಿಸೋಕಾಯ್ತದಾ?" ಅಂದ. ಕೋಲಾರದ ಗುಜರಿ ಅಂಗಡಿಯವನು ಇನ್ನೂ ಸರಳವಾದ ದಾರಿ ತೋರಿಸಿದ: ಎಂಜಿನ್ನನ್ನೇ ತೂಕಕ್ಕೆ ಹಾಕಿಬಿಡಿ, ಸೈಲೆನ್ಸರ್ ಚಿಂತೆ ಇರೋದಿಲ್ಲ.

ಮುಳಬಾಗಿಲಿನ ನಮ್ಮ ಭಾವ ಟೊಮೆಟೊ ಬೆಳೆಗಾರರು. ಅವರ ಲೆಕ್ಕವೆಲ್ಲ 15 ಕೆ.ಜಿ. ಬಾಕ್ಸಿನಲ್ಲೇ. ಹೊಸ ಸೈಲೆನ್ಸರಿಗೆ ಒಂದೂವರೆ ಸಾವಿರದೊಳಗೆ ಆಗುತ್ತದೆ ಎಂದಾಗ ಅವರು ಕಣ್ಣು ಮುಚ್ಚಿ ಗುಣಿಸಿದರು. "2023ರ ಜುಲೈನಲ್ಲಾಗಿದ್ರೆ ಒಂದು ಬಾಕ್ಸ್ ಕೊಟ್ಟು ಸೈಲೆನ್ಸರ್ ತಂದು ಚಿಲ್ಲರೆ ವಾಪಸ್ ಇಸ್ಕೋಬೋದಿತ್ತು. ರಸ್ತೆಗೆ ಸುರಿಯೋ ತಿಂಗಳಾದ್ರೆ ಒಂದು ಲಾರಿ ಕೊಟ್ರೂ ಅದರ ನಟ್ಟು ಬರಲ್ಲ." ಹಾಗಾದರೆ ಈಗ ಕೊಳ್ಳುವುದೋ ಬೇಡವೋ ಎಂದರೆ, ಅದನ್ನು ಮಾರ್ಕೆಟ್ಟು ಹೇಳಬೇಕು ಎಂದರು.

ಪಕ್ಕದ ಮಾವಿನ ತೋಪಿನ ಗುತ್ತಿಗೆದಾರ ಮಾತ್ರ ಸೈಲೆನ್ಸರ್ ಹಾಕಿಸಲೇಬಾರದೆಂದು ಕೈಮುಗಿದ. ಎಂಜಿನ್ ಶುರುವಾದ ಮೇಲೆ ಅವನ ತೋಪಿಗೆ ಕೋತಿ ಬರುವುದು ನಿಂತಿತ್ತಂತೆ. ಚಿಕ್ಕಪ್ಪ ಅವನ ಪರ. ಮನೆ ಜಗಲಿಯಲ್ಲಿ ಕುಳಿತೇ ಅವರಿಗೆ ಬಾವಿಯ ಸಮಾಚಾರವೆಲ್ಲ ತಿಳಿಯುತ್ತಿತ್ತು. ಸದ್ದು ಭಾರವಾಗಿದ್ದರೆ ಪಂಪು ನೀರೆತ್ತುತ್ತಿದೆ. ಹಗುರಾಗಿ ಓಡಿದರೆ ಫುಟ್‌ವಾಲ್ ಸೋರಿ ಗಾಳಿ ಹಿಡಿದಿದೆ, ಸಗಣಿ ನೀರು ಹುಯ್ಯಬೇಕು. ಸದ್ದೇ ಇಲ್ಲದಿದ್ದರೆ ಆಳುಮಗ ಮಲಗಿದ್ದಾನೆ.

ಈ ಜಗತ್ತಿನಲ್ಲಿ ಸದ್ದಿಗೂ ಮೌನಕ್ಕೂ ಒಂದೇ ಮನೆಯಲ್ಲಿ ಏರ್ಪಾಡಾದದ್ದುಂಟು. 1884ರಲ್ಲಿ ಮೆಷಿನ್‌ಗನ್ ಕಂಡುಹಿಡಿದು ಲೋಕದ ಕಿವಿ ಕಿವುಡು ಮಾಡಿದಾತ ಹೈರಮ್ ಮ್ಯಾಕ್ಸಿಮ್. ಬಂದೂಕಿಗೆ ಸೈಲೆನ್ಸರ್ ಮಾಡಿ 1909ರಲ್ಲಿ ಪೇಟೆಂಟ್ ಪಡೆದು, ಆಮೇಲೆ ಎಂಜಿನ್ನಿಗೂ ಅದನ್ನು ಹಬ್ಬಿಸಿದಾತ ಅವನ ಮಗ. ನಮ್ಮ ಮನೆಯಲ್ಲೂ ಹಿರಿಯರು ಸದ್ದಿನ ಕಡೆ, ಕಿರಿಯರು ಮೌನದ ಕಡೆ ಇದ್ದದ್ದರಿಂದ ನನಗೆ ಆ ಸಂಸಾರದ ಬಗ್ಗೆ ಸಹಾನುಭೂತಿ ಹುಟ್ಟಿತು.

ಸಮುದ್ರದಲ್ಲಿ ಹಾಯಿದೋಣಿ ಇಟ್ಟುಕೊಂಡವರಿಗೂ ಇದೇ ಗೋಳಂತೆ. ಗಾಳಿ ಬಿದ್ದುಹೋದಾಗ ಇರಲಿ ಎಂದು ಅವರು ದೋಣಿಯ ಹೊಟ್ಟೆಯಲ್ಲಿ ನಮ್ಮದರಂಥದೇ ಒಂದು ಪುಟ್ಟ ಡೀಸೆಲ್ ಎಂಜಿನ್ ಇಟ್ಟಿರುತ್ತಾರೆ. ಸುಡುವ ಹೊಗೆ ತಣ್ಣಗಾಗಲೆಂದು ಅದಕ್ಕೆ ಸಮುದ್ರದ ನೀರನ್ನೇ ಬೆರೆಸಿ ಸೈಲೆನ್ಸರಿಗೆ ಬಿಡುತ್ತಾರೆ. ಸೈಲೆನ್ಸರ್ ಬದಲಾಯಿಸಬೇಕೇ ಎಂದು ಅವರೂ ತಲೆ ಕೆಡಿಸಿಕೊಳ್ಳುತ್ತಾರೆ. ಇದನ್ನು ಚಿಕ್ಕಪ್ಪನಿಗೆ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಸೈಲೆನ್ಸರ್ ಒಳಗೇ ನೀರೈತೆ ಅಂತೀಯ. ಅಂಥೋರಿಗೆ ಕಷ್ಟ ಅಂದ್ರೆ ಏನಂತ ಗೊತ್ತೇನಪ್ಪಾ?" ಎಂದರು.

ಅಲ್ಲಿಗೆ ಚರ್ಚೆ ಅದರ ನಿಜವಾದ ಜಾಗಕ್ಕೆ ಬಂತು. ಹತ್ತು ವರ್ಷ ಬಾಳುವ ಸೈಲೆನ್ಸರನ್ನು, ಮುಂದಿನ ಬೇಸಿಗೆ ದಾಟುತ್ತದೋ ಇಲ್ಲವೋ ತಿಳಿಯದ ಬಾವಿಗಾಗಿ ಕೊಳ್ಳುವುದೇ? "ಎತ್ತಿನಹೊಳೆ ಬರಲಿ, ಆವಾಗ ಹಾಕ್ಸೋಣ" ಎಂಬುದು ಚಿಕ್ಕಪ್ಪನ ಕೊನೆಯ ಮಾತು. ನಮ್ಮ ಸೀಮೆಗೆ ನೀರು ತರಬೇಕಾದ ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆಯಾಯಿತು. 2024ರಲ್ಲಿ ಸಕಲೇಶಪುರದ ಕಡೆ ಮೊದಲ ಹಂತಕ್ಕೆ ಚಾಲನೆ ಸಿಕ್ಕಿತು. ಆ ವೇಗದಲ್ಲಿ ನೀರು ನಮ್ಮ ಹೊಲದ ಬದುವಿಗೆ ಬರುವ ಹೊತ್ತಿಗೆ ಈ ಎಂಜಿನ್ನಿಗೆ ಸೈಲೆನ್ಸರ್ ಬೇಕಾಗುವುದಿಲ್ಲ, ಗಾಜಿನ ಪೆಟ್ಟಿಗೆ ಬೇಕಾಗುತ್ತದೆ.

ತೀರ್ಪು ಕೊಟ್ಟವರು ಅಜ್ಜಿ. ಅವರೆಕಾಯಿ ಬಿಡಿಸುತ್ತಾ ತಲೆಯೆತ್ತದೆ ಹೇಳಿದರು: "ಏನ್ರೋ, ನೀರಿಲ್ಲದಾಗ ಮೇಲಿಂದ ಮೇಲೆ ಬೋರ್ ಕೊರ್ಸಿ, ಲಕ್ಷ ಲಕ್ಷ ಕೊಟ್ಟು ಕಲ್ಲುಪುಡಿ ಎತ್ತಿಸಿದ್ರಿ. ಆವಾಗ ಒಬ್ಬನೂ ಯೋಚನೆ ಮಾಡ್ಲಿಲ್ಲ. ಈಗ ಬಾವೀಲಿ ನೀರು ಕಣ್ಣಿಗೆ ಕಾಣ್ತಾ ಐತೆ, ಒಂದು ಕೊಳವೆಗೆ ಪಂಚಾಯ್ತಿ ಸೇರಿಸ್ತೀರಾ?" ನನಗೆ ಇದಕ್ಕಿಂತ ದೊಡ್ಡ ಅರ್ಥಶಾಸ್ತ್ರ ಗೊತ್ತಿಲ್ಲ. ನಮ್ಮ ಸೀಮೆಯವರು ಇಲ್ಲದ ನೀರಿನ ಆಸೆಗೆ ಸುರಿದ ದುಡ್ಡಿಗೆ ಲೆಕ್ಕವಿಟ್ಟಿಲ್ಲ. ಇರುವ ನೀರಿನ ಮೇಲೆ ಮಾತ್ರ ನಮಗೆ ಒಂದೂವರೆ ಸಾವಿರದಷ್ಟೂ ನಂಬಿಕೆ ಬರುವುದಿಲ್ಲ.

ಮಾರನೆಯ ದಿನವೇ ಕೋಲಾರದಿಂದ ಹೊಸ ಸೈಲೆನ್ಸರ್ ಬಂತು. ಮೇಸ್ತ್ರಿ ಹಳೇ ನಟ್ಟುಗಳಿಗೆ ಸೀಮೆಎಣ್ಣೆ ಕುಡಿಸಿ, ಬೈದು, ಸುತ್ತಿಗೆಯಲ್ಲಿ ಬಡಿದು, ಅಂತೂ ಕೂರಿಸಿದ. ಹ್ಯಾಂಡಲ್ ತಿರುವಿದೆವು. ಎಂಜಿನ್ ಗುಡುಗುಡು ಎಂದಷ್ಟೇ ಹೇಳಿ ತನ್ನ ಪಾಡಿಗೆ ಓಡತೊಡಗಿತು. ಆಗ ನಮಗೆ ಇಷ್ಟು ದಿನ ಕೇಳಿಸದೇ ಇದ್ದದ್ದೆಲ್ಲ ಕೇಳಿಸಿತು. ಪಂಪಿನ ಬೇರಿಂಗು ಕಿರುಗುಟ್ಟುತ್ತಿತ್ತು, ಬೆಲ್ಟು ಜಾರಿ ಚಟಚಟ ಅನ್ನುತ್ತಿತ್ತು, ಹೀರುಕೊಳವೆ ಎಲ್ಲೋ ಸುಯ್ ಎಂದು ಗಾಳಿ ಎಳೆಯುತ್ತಿತ್ತು. ಮೇಸ್ತ್ರಿ ಕಿವಿಗೊಟ್ಟು ಕೇಳಿ ಒಂದು ಪಟ್ಟಿ ಬರೆಸಿದ. ಅದರ ಮೊತ್ತ ಸೈಲೆನ್ಸರಿನ ನಾಲ್ಕು ಪಟ್ಟು ಆಯಿತು.

ಚಿಕ್ಕಪ್ಪ ಪಟ್ಟಿಯನ್ನು ಓದಿ ಮಡಿಚಿ ನನ್ನ ಜೇಬಿಗಿಟ್ಟು ಹೇಳಿದರು: "ಅದಕ್ಕೇ ಹೇಳಿದ್ದು ನಾನು. ಸದ್ದು ಮಾಡ್ತಿದ್ದಾಗ ಎಂಜಿನ್ ಎಷ್ಟು ಚೆನ್ನಾಗಿತ್ತು!"