ಗಾಳಾಚಾರ್ಯರ ರಾತ್ರಿ ಪಾಳಿ

ಡೆಟ್ರಾಯಿಟ್ ಸುತ್ತಮುತ್ತಲಿನ ಕನ್ನಡಿಗರ ಪ್ರತಿ ಬಳಗದಲ್ಲೂ ಒಬ್ಬರು ಗಾಳಾಚಾರ್ಯರು ಇದ್ದೇ ಇರುತ್ತಾರೆ. ಹೆಸರು ಬೇರೆ ಬೇರೆ, ಗುಣ ಒಂದೇ. ಕಾರು ಕಂಪನಿಯಲ್ಲಿ ಬ್ರೇಕಿನದೋ ಬ್ಯಾಟರಿಯದೋ ಕೆಲಸ, ನೋವೈಯಲ್ಲಿ ಮನೆ, ಗ್ಯಾರೇಜಿನಲ್ಲಿ ಕಾರಿಗೆ ಜಾಗವಿಲ್ಲ. ಉಳಿದ ದಿನಗಳಲ್ಲಿ ಇವರೂ ನಮ್ಮ ನಿಮ್ಮ ಹಾಗೆ ಹುಲ್ಲು ಕತ್ತರಿಸಿಕೊಂಡು, ಹಿಮ ಗೋರಿಕೊಂಡು, ಮಕ್ಕಳನ್ನು ಭರತನಾಟ್ಯದ ಕ್ಲಾಸಿಗೆ ಬಿಟ್ಟುಬಂದು ತೆಪ್ಪಗಿರುತ್ತಾರೆ. ಜೂನ್ ಮೂರನೇ ವಾರ ದಾಟಿತೋ, ವರಸೆ ಬದಲಾಗುತ್ತದೆ. ಶನಿವಾರ ಊಟಕ್ಕೆ ಬನ್ನಿ ಎಂದರೆ ಅಂದು ತಿಥಿ ಯಾವುದು ಎಂದು ಕೇಳುತ್ತಾರೆ. ಅಮಾವಾಸ್ಯೆ ಹತ್ತಿರವಿದ್ದರೆ ಊಟಕ್ಕೆ ಬರುವುದಿಲ್ಲ. ಆರು ತಿಂಗಳಿಗೆಂದು ಮೈಸೂರಿನಿಂದ ಬಂದಿದ್ದ ಇವರ ತಾಯಿ, ಮಗ ದಿನವೂ ಪಂಚಾಂಗ ನೋಡುವುದನ್ನು ಕಂಡು ಕಣ್ಣೀರು ತಂದುಕೊಂಡರಂತೆ. ಪಾಪ, ಅವನು ನೋಡುತ್ತಿದ್ದದ್ದು ಚಂದ್ರ ಎಷ್ಟು ಹೊತ್ತಿಗೆ ಮುಳುಗುತ್ತಾನೆ ಎಂದು.

ಗಾಳಾಚಾರ್ಯರಿಗೆ ಕತ್ತಲೆ ಬೇಕು. ಕಾರಣ ಅವರೇ ಹೇಳುತ್ತಾರೆ, ಕೇಳದಿದ್ದರೂ ಹೇಳುತ್ತಾರೆ. ಐ-75 ಹಿಡಿದು ಉತ್ತರಕ್ಕೆ ಮೂರು ಗಂಟೆ ಹೋದರೆ ಗ್ರೇಲಿಂಗ್ ಎಂಬ ಪುಟ್ಟ ಊರು, ಅದರ ಮಗ್ಗುಲಲ್ಲೇ ಆಸಾಬಲ್ ನದಿ. ತಣ್ಣನೆಯ ಊಟೆ ನೀರು, ಮರಳು ಜಲ್ಲಿಯ ತಳ, ಬಹುಪಾಲು ಕಡೆ ಸೊಂಟದ ಮಟ್ಟ. ಅದರಲ್ಲಿ ಬ್ರೌನ್ ಟ್ರೌಟ್ ಇದೆ. ಸಣ್ಣ ಟ್ರೌಟು ಹಗಲೆಲ್ಲ ಹುಳುಹುಪ್ಪಟೆ ತಿಂದುಕೊಂಡು ಓಡಾಡುತ್ತದೆ. ದೊಡ್ಡದು ಮಾತ್ರ ಹಗಲು ಪೂರ್ತಿ ಬಿದ್ದ ಮರದ ಅಡಿಯಲ್ಲಿ ಅಡಗಿದ್ದು ಕತ್ತಲಾದ ಮೇಲೆ ಬೇಟೆಗೆ ಹೊರಡುತ್ತದೆ. ಕಣ್ಣಿಗೆ ಕಾಣದ್ದನ್ನು ಮೈಯ ಎರಡೂ ಪಕ್ಕದಲ್ಲಿ ಹಾಯ್ದ ಗೆರೆಯಿಂದ, ನೀರಿನ ಅಲುಗಾಟ ಹಿಡಿದು ತಿಳಿದುಕೊಳ್ಳುತ್ತದೆ. ಜೂನ್ ಕೊನೆಯಲ್ಲಿ ಅದಕ್ಕೊಂದು ಹಬ್ಬ. ಹೊಳೆಯ ತಳದ ಕೆಸರಿನಲ್ಲಿ ಎರಡು ವರ್ಷ ಬಿಲ ತೋಡಿಕೊಂಡಿದ್ದ ಹೆಕ್ಸ್ ಎಂಬ ಹುಳು ರೆಕ್ಕೆ ಬಿಚ್ಚಿ ಮೇಲೆ ಬರುತ್ತದೆ. ಅದಕ್ಕೆ ಆಗ ತಿನ್ನುವ ಬಾಯಿಯೇ ಇರುವುದಿಲ್ಲ. ಒಂದೆರಡು ದಿನದ ಆಯುಷ್ಯದಲ್ಲಿ ಜೋಡಿಯಾಗಿ, ಮೊಟ್ಟೆ ಇಟ್ಟು, ನೀರಿಗೆ ಬಿದ್ದು ಸಾಯುತ್ತದೆ. ಹೀಗೆ ಏಳುವ ಹುಳುಗಳ ದಂಡು ಎಷ್ಟು ದೊಡ್ಡದೆಂದರೆ, 2014ರ ಜುಲೈಯಲ್ಲಿ ಮಿಸಿಸಿಪ್ಪಿ ದಂಡೆಯ ಲಾ ಕ್ರಾಸ್ ಊರಿನ ಹವಾಮಾನ ರೇಡಾರಿನ ಮೇಲೆ ಮಳೆಮೋಡವೆಂಬಂತೆ ಮೂಡಿತ್ತು. ಆ ಹುಳು ನೀರಿಗೆ ಬೀಳುವ ಹೊತ್ತಿಗೆ ಸರಿಯಾಗಿ ಅಂಥದ್ದೇ ಒಂದು ಸುಳ್ಳು ಹುಳುವನ್ನು ನೀರಿಗೆ ಬಿಡುವುದು ಆಚಾರ್ಯರ ವಿದ್ಯೆ.

ಆ ಸುಳ್ಳು ಹುಳು ತಯಾರಾಗುವುದು ಮನೆಯಲ್ಲೇ. ಮೊಟ್ಟೆ ಕೂಡ ಒಳಗೆ ಬಾರದ ಮನೆ ಅದು. ದೇವರ ಕೋಣೆಯ ಗೋಡೆಗೆ ತಾಗಿಕೊಂಡೇ ಇರುವ ಕೋಣೆಯಲ್ಲಿ ಒಂದು ಪುಟ್ಟ ಹಿಡಿಗರ, ಅದರ ಬಾಯಲ್ಲಿ ಮುಳ್ಳಿನಷ್ಟು ಕೊಕ್ಕೆ, ಸುತ್ತಲೂ ಡಬ್ಬಿಗಳು. ಒಂದರಲ್ಲಿ ಜಿಂಕೆ ಕೂದಲು, ಒಂದರಲ್ಲಿ ಮೊಲದ ತುಪ್ಪಳ, ಒಂದರಲ್ಲಿ ಚರ್ಮದ ಸಮೇತ ಹುಂಜದ ಕತ್ತು. ಜಿಂಕೆ ಕೂದಲು ಪೊಳ್ಳು, ತೇಲುತ್ತದೆ. ಅದನ್ನು ಕೊಕ್ಕೆಗೆ ಸುತ್ತಿ, ಕತ್ತರಿಯಲ್ಲಿ ಗುಂಡಗೆ ಸವರಿ, ಹಿಂದೊಂದು ಚರ್ಮದ ಬಾಲ ಕಟ್ಟಿದರೆ ಇಲಿ. ಹೆಕ್ಸ್ ಹಬ್ಬ ಮುಗಿದ ಮೇಲೆ, ಜುಲೈ ಆಗಸ್ಟ್ ರಾತ್ರಿಗಳಲ್ಲಿ, ಹೊಳೆಯ ಮೇಲೆ ಈ ಇಲಿಯನ್ನು ಈಜಿಸುತ್ತಾರೆ. ದೊಡ್ಡ ಟ್ರೌಟು ನಿಜವಾದ ಇಲಿಯನ್ನೂ ನುಂಗುವುದರಿಂದ ಇದನ್ನೂ ನುಂಗಲು ಬರುತ್ತದೆ. ಅಮ್ಮ ಒಂದು ದಿನ ಆ ಕೋಣೆಗೆ ಕಸ ಗುಡಿಸಲು ಹೋಗಿ ಹುಂಜದ ಕತ್ತನ್ನು ಕಂಡವರು ಹೊರಗೆ ಬಂದು ಒಂದೇ ಪ್ರಶ್ನೆ ಕೇಳಿದರು.

"ಮೀನು ತಿನ್ನಲ್ಲ, ಮಾರಲ್ಲ, ಸಾಕಲ್ಲ. ಮತ್ತೆ ಅದರ ತಂಟೆಗೆ ಯಾಕೋ ಹೋಗ್ತೀಯ?"

ಈ ಪ್ರಶ್ನೆಗೆ ಆಚಾರ್ಯರ ಹತ್ತಿರ ಉತ್ತರವಿಲ್ಲ. ಆಸಾಬಲ್ ದಂಡೆಯಲ್ಲಿ ಯಾರ ಹತ್ತಿರವೂ ಇದ್ದ ಹಾಗಿಲ್ಲ. ಬರ್ಟನ್ಸ್ ಲ್ಯಾಂಡಿಂಗ್‌ನಿಂದ ವೇಕ್ಲಿ ಸೇತುವೆವರೆಗೆ ನಿಯಮವೇ ಹಾಗೆ: ಗರಿಯ ಹುಳು ಬಿಟ್ಟು ಬೇರೆ ಏನೂ ಗಾಳಕ್ಕೆ ಹಾಕಬಾರದು, ಹಿಡಿದ ಟ್ರೌಟನ್ನು ಮರಳಿ ನೀರಿಗೆ ಬಿಡಬೇಕು. ಸಸ್ಯಾಹಾರಿಗೆ ಇದಕ್ಕಿಂತ ಅನುಕೂಲದ ಮೀನುಗಾರಿಕೆ ಪ್ರಪಂಚದಲ್ಲಿ ಇಲ್ಲ ಎಂಬುದು ಆಚಾರ್ಯರ ವಾದ. ನಮ್ಮ ಗುಂಪಿನ ಮಂಗಳೂರಿನವರು ಮಾತ್ರ ಇದನ್ನು ಇವತ್ತಿಗೂ ಒಪ್ಪಿಲ್ಲ. "ಎಂತ ಮಾರಾಯ್ರೆ, ಹಿಡಿದು ಬಿಡುವುದಾ? ಮದುವೆಮನೆಗೆ ಹೋಗಿ ಎಲೆ ಮುಂದೆ ಕೂತು ಹಾಗೇ ಎದ್ದು ಬಂದ ಹಾಗಾಯ್ತಲ್ಲ! ಒಂದು ಪುಳಿಮುಂಚಿಗಾದ್ರೂ ಬೇಡವಾ?"

ಆಚಾರ್ಯರಿಗೆ ಒಬ್ಬರು ಆದರ್ಶಪುರುಷರಿದ್ದಾರೆ. ಮಿಶಿಗನ್ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಜಾನ್ ವೋಲ್ಕರ್. ಆತ ರಾಬರ್ಟ್ ಟ್ರೇವರ್ ಎಂಬ ಹೆಸರಿನಲ್ಲಿ 1958ರಲ್ಲಿ 'ಅನಾಟಮಿ ಆಫ್ ಎ ಮರ್ಡರ್' ಕಾದಂಬರಿ ಬರೆದರು, ಅದು ಸಿನಿಮಾ ಆಯಿತು, ಅವರು ನ್ಯಾಯಪೀಠಕ್ಕೆ ರಾಜೀನಾಮೆ ಕೊಟ್ಟು ಟ್ರೌಟ್ ಹಿಡಿಯುತ್ತ, ಬರೆಯುತ್ತ ಉಳಿದ ಆಯಸ್ಸು ಕಳೆದರು. ಕೆಲಸ ಬಿಡುವ ಮಾತು ಬಂದಾಗಲೆಲ್ಲ ಆಚಾರ್ಯರು ಈ ಕಥೆ ತೆಗೆಯುತ್ತಾರೆ. ಅವರ ಮನೆಯಾಕೆ ಚಪಾತಿ ಲಟ್ಟಿಸುತ್ತಲೇ, "ರೀ, ಅವರು ಮೊದಲು ಪುಸ್ತಕ ಬರೆದರು, ಆಮೇಲೆ ರಾಜೀನಾಮೆ ಬರೆದರು. ನೀವೂ ಅದೇ ಕ್ರಮದಲ್ಲಿ ಹೋಗಿ" ಎನ್ನುತ್ತಾರೆ. ಕಾದಂಬರಿಯ ಮೊದಲ ಸಾಲಿಗೆ ಆಚಾರ್ಯರು ಇನ್ನೂ ಕೈ ಹಾಕಿಲ್ಲ. ಅಷ್ಟರಲ್ಲಿ ಇನ್ನೊಂದು ರಾಡು ಬಂದಿದೆ. ಒಂಬತ್ತು ಅಡಿಯದು, ಆರು ವೇಟಿನದು. ಹಳೆಯದೂ ಒಂಬತ್ತು ಅಡಿ, ಆರು ವೇಟು. ವ್ಯತ್ಯಾಸವೇನು ಎಂದು ಕೇಳಿದವರು ಅರ್ಧ ದಿನ ರಜೆ ಹಾಕಿಕೊಂಡು ಕೇಳಬೇಕು.

ಈಗ ದಂಡೆಗೆ ಬರೋಣ. ಹೆಕ್ಸ್ ಏಳುವುದು ರಾತ್ರಿ ಹತ್ತರ ಮೇಲೆ. ಆ ಕಾಲದಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ಒಂಬತ್ತೂವರೆಗೆ. ಆದರೆ ಒಳ್ಳೆಯ ಜಾಗ ಬೇರೆಯವರ ಪಾಲಾಗದಿರಲೆಂದು ಸಂಜೆ ಆರಕ್ಕೇ ಹೋಗಿ ಕೂರಬೇಕು. ಎದೆವರೆಗಿನ ರಬ್ಬರು ಪ್ಯಾಂಟು ತೊಟ್ಟು, ಸೊಳ್ಳೆ ಹೊಡೆದುಕೊಳ್ಳುತ್ತ, ನಾಲ್ಕು ಗಂಟೆ ದಂಡೆಯ ಮೇಲೆ ಸುಮ್ಮನೆ ಕೂರುವುದೇ ಈ ಆಟದ ಮುಕ್ಕಾಲು ಪಾಲು. ಸುಮ್ಮನೆ ಕೂರುವುದು ನಾವು. ಆಚಾರ್ಯರು ಉಪನ್ಯಾಸ ಮಾಡುತ್ತಾರೆ. ಸೊಳ್ಳೆ ಔಷಧಿ ಹಚ್ಚಿದ ಕೈಯಲ್ಲಿ ಲೈನ್ ಮುಟ್ಟಬೇಡಿ, ಪ್ಲಾಸ್ಟಿಕ್ ಕರಗುತ್ತದೆ. ಬೆಳಕಿರುವಾಗಲೇ ಆಚೆ ದಡಕ್ಕೆ ಎಷ್ಟು ಲೈನ್ ಬೇಕೆಂದು ಎಸೆದು ನೋಡಿ ಗುರುತು ಮಾಡಿಕೊಳ್ಳಿ, ಕತ್ತಲಲ್ಲಿ ಅಷ್ಟೇ ಬಿಡಿ. ಗರಿಗೆ ತೂಕವಿಲ್ಲ, ತೂಕವಿರುವುದು ಲೈನಿಗೆ, ಎಸೆಯಬೇಕಾದ್ದೂ ಲೈನನ್ನೇ. ಇವೆಲ್ಲ ನಿಜವೇ. ಹೇಳುವುದರಲ್ಲಿ ಆಚಾರ್ಯರನ್ನು ಮೀರಿಸುವವರಿಲ್ಲ.

ಆಮೇಲೆ ಇತಿಹಾಸ. "ಈ ಊರಿನ ಹೆಸರು ಗ್ರೇಲಿಂಗ್, ಆದರೆ ಹೊಳೆಯಲ್ಲಿ ಗ್ರೇಲಿಂಗ್ ಮೀನೇ ಇಲ್ಲ! ಮರದ ವ್ಯಾಪಾರಿಗಳು ಕಾಡು ಕಡಿದು ದಿಮ್ಮಿಗಳನ್ನು ಇದೇ ನೀರಲ್ಲಿ ತೇಲಿಬಿಟ್ಟು ಮೊಟ್ಟೆ ಇಡುವ ತಳವನ್ನೇ ಹಾಳು ಮಾಡಿದರು. ಸಾಲದ್ದಕ್ಕೆ ಬಂದವರೆಲ್ಲ ಬುಟ್ಟಿಗಟ್ಟಲೆ ಹಿಡಿದರು. ಈ ಬ್ರೌನ್ ಟ್ರೌಟ್ ಇಲ್ಲಿಯದಲ್ಲ, ಜರ್ಮನಿಯಿಂದ ಮೊಟ್ಟೆಯಾಗಿ ಬಂದದ್ದು. 1884ರಲ್ಲಿ ಮರಿಗಳನ್ನು ಮೊದಲು ಬಿಟ್ಟದ್ದು ನಮ್ಮ ಮಿಶಿಗನ್ನಿನ ಬಾಲ್ಡ್‌ವಿನ್ ಹೊಳೆಗೆ. ಅಂದರೆ ಇವೂ ನಮ್ಮ ಹಾಗೆ ವಲಸೆ ಬಂದವು."

"ಗ್ರೀನ್ ಕಾರ್ಡ್ ಎಷ್ಟು ವರ್ಷಕ್ಕೆ ಸಿಕ್ಕಿತಂತೆ ಮಾರಾಯ್ರೆ?" ಎಂದರು ಮಂಗಳೂರಿನವರು. ಸ್ವತಃ ಇನ್ನೂ ಸಾಲಿನಲ್ಲಿರುವವರು.

ಕತ್ತಲಾಯಿತು. ನಮ್ಮ ಹುಬ್ಬಳ್ಳಿಯವರು ಡಬ್ಬಿ ತೆರೆದು ಚಕ್ಕುಲಿ ಮುರಿದರು. ಆಚಾರ್ಯರು "ಶ್!" ಎಂದರು. "ಸದ್ದು ಮಾಡಬೇಡ್ರೀ, ಮೀನಿಗೆ ಕೇಳಿಸುತ್ತೆ."

"ಆಚಾರ್ರ, ಮೀನಿಗೆ ಚಕ್ಕಲಿ ಸಪ್ಪಳ ಕೇಳಸ್ತದಂದ್ರ, ನಾಕ ತಾಸಿನಿಂದ ನಿಮ್ಮ ಭಾಷಣ ಕೇಳಿರೂದಿಲ್ಲೇನ್ರಿ? ಇಷ್ಟೊತ್ತಿಗೆ ಎಲ್ಲಾ ಲೇಕ್ ಹ್ಯೂರಾನ್ ಮುಟ್ಟಿರತಾವ."

ಹತ್ತು ಗಂಟೆಗೆ ಮೊದಲ ಹುಳು ಯಾರದೋ ಕನ್ನಡಕದ ಮೇಲೆ ಕೂತಿತು. ಆಮೇಲೆ ಕತ್ತಿನ ಮೇಲೆ, ಕಿವಿಯಲ್ಲಿ, ಕಾಫಿಯಲ್ಲಿ. ಕಪ್ಪು ನೀರಿನ ಮೇಲೆ ಅಲ್ಲೊಂದು ಇಲ್ಲೊಂದು ಗುಳುಕ್ ಎಂದು ಸದ್ದು. ಇಲ್ಲಿ ಕಣ್ಣಿಗೆ ಕೆಲಸವಿಲ್ಲ, ಕಿವಿಯಲ್ಲೇ ಮೀನು ಹುಡುಕಬೇಕು. ಆಚಾರ್ಯರ ಕಿವಿ ಅಂಥಿಂಥದ್ದಲ್ಲ. ಗುಳುಕ್ ಎಂದರೆ ಸಾಕು, "ಇಪ್ಪತ್ತಿಂಚು" ಎನ್ನುತ್ತಾರೆ. ಮತ್ತೊಂದು ಗುಳುಕ್, "ಇಪ್ಪತ್ತೆರಡು." ಹನ್ನೆರಡಿಂಚಿನ ಗುಳುಕ್ಕು ಅವರ ಕಿವಿಗೆ ಬೀಳುವುದೇ ಇಲ್ಲ. ನಮ್ಮ ಕೆಳಗೆ ಒಂದು ತಿರುವಿನಲ್ಲಿ ಸ್ಥಳೀಯ ಮುದುಕರೊಬ್ಬರು ನಿಂತಿದ್ದರು. ಅವರು ನಿಂತದ್ದು ಗೊತ್ತಾದದ್ದೇ ಆಗಾಗ ಅವರ ಬಲೆಯಿಂದ ನೀರು ಸುರಿಯುವ ಸದ್ದಿನಿಂದ. ಎಷ್ಟು ಸಿಕ್ಕಿತು ಎಂದು ಮಂಗಳೂರಿನವರು ಕೂಗಿ ಕೇಳಿದರೆ, "ಒಂದೆರಡು" ಎಂಬ ಉತ್ತರ ಬಂತು. ಇವರಿಗೆ ಯಾವ ಬಳಗದಲ್ಲೂ ಆಚಾರ್ಯ ಪದವಿ ಸಿಗುವುದು ಕಷ್ಟ.

ಆಚಾರ್ಯರು ಎಸೆದರು. ಹಿಂದಿನ ಸೀಡರ್ ಮರಕ್ಕೆ ಒಂದು ಹುಳು ಹೋಯಿತು. ಇನ್ನೊಂದು ಕಟ್ಟಿ ಎಸೆದರು, ಅದು ಮುಂದಿನ ಸೀಡರ್ ಮರಕ್ಕೆ. ಮೂರನೆಯದು ಮಂಗಳೂರಿನವರ ಟೋಪಿಗೆ. "ಬಂತು! ಬಂತು!" ಎಂದು ರಾಡು ಬಗ್ಗಿಸಿದರು. ಟೋಪಿ ಹೊಳೆಗೆ ಹೋಗಿ ಬಂತು. ಹುಬ್ಬಳ್ಳಿಯವರು ಗಾಬರಿಯಿಂದ ಫೋನಿನ ಬೆಳಕು ಹಾಕಿದರು. ಬಿಳಿ ಬೆಳಕು ನೀರಿನ ಮೇಲೆ ಬಿದ್ದ ಕೂಡಲೇ ಗುಳುಕ್ಕುಗಳೆಲ್ಲ ನಿಂತವು. ಅಲ್ಲಿಯವರೆಗೆ ಯಾರೂ ಇಲ್ಲವೆಂದುಕೊಂಡಿದ್ದ ಕತ್ತಲಿನೊಳಗಿಂದ, ಹೊಳೆಯ ಮೇಲೂ ಕೆಳಗೂ, ನಾಲ್ಕೈದು ಗಂಡಸರ ಬೈಗುಳ ಒಟ್ಟಿಗೆ ಕೇಳಿಸಿದವು. ಇಲ್ಲಿ ಕೆಂಪು ದೀಪಕ್ಕೆ ಮಾತ್ರ ಅನುಮತಿ, ಅದೂ ಎದೆಯತ್ತ ತಿರುಗಿಸಿಕೊಂಡು.

ಹನ್ನೊಂದೂವರೆಯ ಹೊತ್ತಿಗೆ ನಿಜಕ್ಕೂ ಒಂದು ಬಂತು. ಆಚಾರ್ಯರ ಕೂಗಿಲ್ಲ, ಬರೀ ರೀಲಿನ ಸದ್ದು. ಅವರು ಮೊಣಕಾಲೂರಿ, ಕೈ ಒದ್ದೆ ಮಾಡಿಕೊಂಡರು. ಒಣ ಕೈ ತಾಗಿದರೆ ಮೀನಿನ ಮೈಯ ಲೋಳೆ ಹೋಗುತ್ತದೆ. ಕೆಂಪು ಬೆಳಕಿನಲ್ಲಿ ಕಂಡದ್ದು ಒಂದು ಗೇಣು ಮೇಲೆ ನಾಲ್ಕು ಬೆರಳಿನ ಟ್ರೌಟು, ಪಕ್ಕೆಯ ತುಂಬ ಚುಕ್ಕೆ, ಕೆಲವು ಚುಕ್ಕೆಯ ಸುತ್ತ ತಿಳಿಬಣ್ಣದ ಬಳೆ. ಕೊಕ್ಕೆ ತೆಗೆದು, ಹರಿವಿಗೆ ಮುಖ ಮಾಡಿ ಹಿಡಿದು, ಅದು ತಾನಾಗಿ ಬಾಲ ಬಡಿಯುವವರೆಗೆ ಕಾದು, ಬಿಟ್ಟರು. ಅಷ್ಟು ಹೊತ್ತೂ ಅವರ ಬಾಯಿಂದ ಒಂದು ಮಾತಿಲ್ಲ. ಏನೋ ಆಗಿದೆ ಎಂದು ನಮಗೆ ಭಯವಾಯಿತು. ಅಳತೆ ಟೇಪು ಮಂಗಳೂರಿನವರ ಹತ್ತಿರವಿತ್ತು: ಹನ್ನೆರಡು ಇಂಚು, ಒಂದು ದಾರವೂ ಹೆಚ್ಚಿಲ್ಲ.

ರಾತ್ರಿಯ ಮೀನಿನ ಹೆಚ್ಚುಗಾರಿಕೆ ಆಮೇಲೆ ತಿಳಿಯಿತು. ಹಿಡಿದದ್ದು ಕತ್ತಲಲ್ಲಿ, ಬಿಟ್ಟದ್ದು ಕತ್ತಲಲ್ಲಿ. ಫೋಟೋ ಇಲ್ಲ, ಮೀನೂ ಇಲ್ಲ. ಇಂಥ ಮೀನು ನೀರಿನಲ್ಲಿ ಬೆಳೆಯುವುದಕ್ಕಿಂತ ಹೆದ್ದಾರಿಯಲ್ಲಿ ಬೆಳೆಯುವುದು ಹೆಚ್ಚು. ವೆಸ್ಟ್ ಬ್ರಾಂಚ್ ದಾಟುವಾಗ ಆಚಾರ್ಯರು ಅದಕ್ಕೆ ಹದಿನಾಲ್ಕು ಇಂಚು ಎಂದರು. ಪೆಟ್ರೋಲು ಹಾಕಿಸಲು ಬೇ ಸಿಟಿಯಲ್ಲಿ ಇಳಿದಾಗ ಹದಿನಾರು. ಜಿಲ್ವಾಕೀ ಸೇತುವೆಯ ಮೇಲೆ ಹದಿನೆಂಟಾಗಿ, ಒಮ್ಮೆ ನೀರಿನಿಂದ ಮೇಲಕ್ಕೂ ಜಿಗಿಯಿತು. ಕಣ್ಣಾರೆ ಕಂಡ ಸಾಕ್ಷಿಗಳು ಮೂವರೂ ಅದೇ ಕಾರಿನಲ್ಲಿದ್ದೆವು. ಆದರೆ ಪುಳಿಯೋಗರೆ ಅವರದು, ಫ್ಲಾಸ್ಕಿನ ಫಿಲ್ಟರ್ ಕಾಫಿ ಅವರದು, ಕಾರೂ ಅವರದೇ. ನಾವು ಹೂಂಗುಟ್ಟಿದೆವು. ಫ್ಲಿಂಟ್ ಬಂದಾಗ ಇಪ್ಪತ್ತು ದಾಟಿತು. ಹಿಂದಿನ ಸೀಟಿನಲ್ಲಿ ನಿದ್ದೆಹೋಗಿದ್ದ ಹುಬ್ಬಳ್ಳಿಯವರು ಕಣ್ಣು ತೆರೆಯದೆಯೇ ಹೇಳಿದರು: "ಆಚಾರ್ರ, ಗಾಡಿ ಸ್ವಲ್ಪ ಜೋರ ಹೊಡೀರಿ. ಇಲ್ಲಾಂದ್ರ ಮನಿ ಮುಟ್ಟೂದ್ರಾಗ ಮೀನು ನಿಮಗಿಂತ ಉದ್ದ ಆಗತೈತಿ."

ನಿಮ್ಮ ಬಳಗದ ಗಾಳಾಚಾರ್ಯರು ಕರೆದರೆ ಇಲ್ಲವೆನ್ನಬೇಡಿ, ಹೋಗಿ. ಹದಿನೇಳು ತುಂಬಿದವರು ಗಾಳ ಹಿಡಿಯಲು ರಾಜ್ಯದ ಲೈಸೆನ್ಸ್ ಬೇಕು, ಮೊದಲೇ ಮಾಡಿಸಿಕೊಳ್ಳಿ. ಜೂನ್ ಆದರೂ ಸ್ವೆಟರ್ ಒಯ್ಯಿರಿ, ಕಿವಿ ಮುಚ್ಚುವ ಟೋಪಿ ಹಾಕಿ, ಬಿಳಿ ಬೆಳಕಿನ ಬ್ಯಾಟರಿ ಕಾರಿನಲ್ಲೇ ಬಿಡಿ. ಮೀನಿನ ಉದ್ದವನ್ನು ಮಾತ್ರ ಹೊಳೆಯ ದಂಡೆಯಲ್ಲೇ ಒಂದು ಚೀಟಿಯಲ್ಲಿ ಬರೆದು, ಅವರಿಂದಲೇ ಸಹಿ ಹಾಕಿಸಿಕೊಂಡು ಕಾರು ಹತ್ತಿ.