ಗೋಣಿತಾಟಿನ ಗುಲಾಬಿ

ಅಮೆರಿಕದ ಈಶಾನ್ಯ ಮೂಲೆಯ ಮೇನ್, ನ್ಯೂ ಹ್ಯಾಂಪ್‌ಶೈರ್ ಮೊದಲಾದ ರಾಜ್ಯಗಳಲ್ಲಿಯೂ ಅವುಗಳಿಗೆ ತಾಗಿಕೊಂಡ ಕೆನಡಾದ ಕಡಲತೀರದಲ್ಲಿಯೂ ಹತ್ತೊಂಬತ್ತನೆಯ ಶತಮಾನದ ಗೃಹಿಣಿಯರು ಚಳಿಗಾಲದ ಬಿಡುವಿನಲ್ಲಿ ತಯಾರಿಸುತ್ತಿದ್ದ ಒಂದು ಬಗೆಯ ನೆಲಹಾಸಿಗೆ ‘ಹುಕ್ಡ್ ರಗ್’ ಎಂದು ಹೆಸರು. ಕನ್ನಡದಲ್ಲಿ ಇದನ್ನು ಕೊಕ್ಕೆಹಾಸು ಎನ್ನಬಹುದು. ಮರದ ಚೌಕಟ್ಟಿಗೆ ಗೋಣಿತಾಟನ್ನು ಬಿಗಿದು, ಉಟ್ಟು ಸವೆದ ಉಣ್ಣೆಬಟ್ಟೆಗಳನ್ನು ಕಿರುಬೆರಳಿಗಿಂತ ಸಣ್ಣ ಪಟ್ಟಿಗಳಾಗಿ ಸೀಳಿ, ಪಟ್ಟಿಯನ್ನು ಒಂದು ಕೈಯಿಂದ ತಾಟಿನ ಅಡಿಯಲ್ಲಿ ಹಿಡಿದು, ಇನ್ನೊಂದು ಕೈಯ ಕೊಕ್ಕೆಯನ್ನು ಮೇಲಿನಿಂದ ತೂತಿನೊಳಗೆ ಇಳಿಸಿ ಪಟ್ಟಿಯನ್ನು ಕುಣಿಕೆಯಾಗಿ ಮೇಲಕ್ಕೆಳೆಯುವುದು, ಮತ್ತೆ ಪಕ್ಕದ ತೂತಿಗೆ ಇಳಿಸಿ ಎಳೆಯುವುದು, ಹೀಗೆ ಸಾವಿರಾರು ಸಲ ಎಳೆಯುವುದು, ಇಷ್ಟೇ ಇದರ ತಂತ್ರ. ಗಂಟಿಲ್ಲ, ಹೊಲಿಗೆಯಿಲ್ಲ, ಅಂಟಿಲ್ಲ. ಒಂದು ಕುಣಿಕೆ ನಿಂತಿರುವುದು ತಾಟಿನ ಬಿಗಿ ಮತ್ತು ನೆರೆಯ ಕುಣಿಕೆಗಳ ಒತ್ತಡದಿಂದ ಮಾತ್ರವಾದ್ದರಿಂದ ತುದಿ ಹಿಡಿದೆಳೆದರೆ ಸಾಲಿಗೆ ಸಾಲೇ ಬಿಚ್ಚಿಕೊಂಡು ಬರುತ್ತದೆ, ಮತ್ತು ಈ ಗುಟ್ಟು ಬೆಕ್ಕುಗಳಿಗೆ ಚೆನ್ನಾಗಿ ಗೊತ್ತಿದೆ. ಇಂಥ ಹಾಸುಗಳಲ್ಲಿಯೂ ಹೂವಿನ ವಿನ್ಯಾಸವುಳ್ಳ ಹಳೆಯವನ್ನೇ ಹುಡುಕಿ ಹಣ ಕೊಟ್ಟು ಕೊಳ್ಳುವ ಚಟವು ಪ್ರಸ್ತುತ ಪ್ರಬಂಧದ ವಿಷಯವಾಗಿದ್ದು, ಆ ಚಟದ ಮಾದರಿ ರೋಗಿಯಾಗಿ ಪ್ರಬಂಧದ ಲೇಖಕನನ್ನೇ ಆರಿಸಿಕೊಂಡಿರುವುದಕ್ಕೆ ಅವನು ಸುಲಭವಾಗಿ ಸಿಕ್ಕಿದನೆಂಬುದರ ಹೊರತು ಬೇರೆ ಕಾರಣವಿಲ್ಲ.

ಪದದ ವಿಚಾರವಾಗಿ ಒಂದು ಮಾತು. ಕನ್ನಡದ ಮನೆಗಳಲ್ಲಿ ರಗ್ಗು ಎಂದರೆ ಹೊದೆಯುವ ವಸ್ತು, ಅದನ್ನು ನೆಲಕ್ಕೆ ಹಾಸಿ ತುಳಿದವನಿಗೆ ಬೈಗುಳ ಖಚಿತ. ಅಮೆರಿಕದಲ್ಲಿ ರಗ್ ಎಂದರೆ ನೆಲದ ಮೇಲಿನದು. ಈ ವ್ಯತ್ಯಾಸದಿಂದ ಕನ್ನಡಿಗರು ನಾಚಬೇಕಾಗಿಲ್ಲ, ಏಕೆಂದರೆ ಹದಿನೆಂಟನೆಯ ಶತಮಾನದವರೆಗೆ ನ್ಯೂ ಇಂಗ್ಲೆಂಡಿನ, ಅಂದರೆ ಮೇಲೆ ಹೇಳಿದ ಈಶಾನ್ಯ ರಾಜ್ಯಗಳ, ರಗ್ ಕೂಡ ಹಾಸಿಗೆಯ ಮೇಲಿನ ದಪ್ಪ ಹೊದಿಕೆಯೇ ಆಗಿತ್ತು, ನೆಲಕ್ಕೆ ಹಾಕುವಷ್ಟು ಅಗ್ಗದ ವಸ್ತು ಅದಾಗಿರಲಿಲ್ಲ. ಪದ ಹಾಸಿಗೆಯಿಂದ ನೆಲಕ್ಕೆ ಇಳಿಯುವುದಕ್ಕೆ ಒಂದು ಅಗ್ಗದ ವಸ್ತು ಬೇಕಾಗಿತ್ತು, ಮತ್ತು ಆ ವಸ್ತುವನ್ನು ಒದಗಿಸಿದ್ದು ಬಂಗಾಳ.

ಆ ವಸ್ತುವೇ ಗೋಣಿತಾಟು, ಅಂದರೆ ಸೆಣಬಿನ ನಾರಿನಿಂದ ನೇಯ್ದ ಒರಟು ಬಟ್ಟೆ. ಬಂಗಾಳದ ಸೆಣಬು ಮೊದಮೊದಲು ಸ್ಕಾಟ್ಲೆಂಡಿನ ಡಂಡೀ ನಗರದ ಗಿರಣಿಗಳಿಗೆ ಹೋಗಿ ಬಟ್ಟೆಯಾಗುತ್ತಿತ್ತು. 1855ರಲ್ಲಿ ಹೂಗ್ಲಿ ನದಿಯ ದಂಡೆಯ ರಿಶ್ರಾದಲ್ಲಿ ಭಾರತದ ಮೊದಲ ಸೆಣಬಿನ ಗಿರಣಿ ಶುರುವಾದ ಮೇಲೆ ಚೀಲಗಳು ಇಲ್ಲಿಂದಲೇ ಹಡಗು ಹತ್ತತೊಡಗಿದವು. ಕಾಳು, ಕಾಫಿ, ದನದ ಮೇವು ತುಂಬಿಕೊಂಡು ಅಮೆರಿಕದ ಹಟ್ಟಿಗಳನ್ನು ತಲುಪಿದ ಈ ಚೀಲಗಳು ಬರಿದಾದ ಮೇಲೆ ಮೇನ್ ರಾಜ್ಯದ ರೈತಗಿತ್ತಿಗೆ ಪುಕ್ಕಟೆ ಸಿಗುತ್ತಿದ್ದವು, ಅವುಗಳ ಸಡಿಲ ನೇಯ್ಗೆಯ ತೂತುಗಳು ಕೊಕ್ಕೆಗೆಂದೇ ಬಿಟ್ಟಂತಿದ್ದವು, ಹಾಗಾಗಿ 1850ರ ದಶಕದ ನಂತರ ಈ ಕಲೆ ಮನೆಮನೆಗೂ ಹಬ್ಬಿತು. ಇಂಗ್ಲಿಷಿನ ‘ಗನ್ನಿ’ ಎಂಬ ಪದವೂ ನಮ್ಮ ಗೋಣಿಯ ಬಂಧುವೇ. ಹೀಗೆ ಭಾರತದಿಂದ ಹೋದ ಗೋಣಿಯನ್ನು, ಅದರ ಮೇಲೆ ಪರಕೀಯರ ಹಳೆಯ ಚಡ್ಡಿ ಬನೀನುಗಳನ್ನು ಸಿಕ್ಕಿಸಿದ ಬಳಿಕ, ಭಾರತೀಯನೊಬ್ಬ ಡಾಲರು ತೆತ್ತು ಮರಳಿ ಕೊಳ್ಳುವುದನ್ನು ಅರ್ಥಶಾಸ್ತ್ರದಲ್ಲಿ ಏನೆಂದು ಕರೆಯುತ್ತಾರೋ ಲೇಖಕನಿಗೆ ತಿಳಿದಿಲ್ಲ. ಅವನ ಹೆಂಡತಿ ಕರೆಯುವ ಹೆಸರು ಅಚ್ಚಿಗೆ ಯೋಗ್ಯವಲ್ಲ.

ಹೂವಿನ ಹಾಸುಗಳ ಇತಿಹಾಸದಲ್ಲಿ ಎಡ್ವರ್ಡ್ ಸ್ಯಾಂಡ್ಸ್ ಫ್ರಾಸ್ಟ್ ಎಂಬಾತನ ಹೆಸರು ತಪ್ಪದೆ ಬರುತ್ತದೆ. ಮೇನ್ ರಾಜ್ಯದ ಬಿಡ್ಡೆಫರ್ಡ್ ಊರಿನ ಈತ ಅಮೆರಿಕದ ಅಂತರ್ಯುದ್ಧದ ಸೈನ್ಯದಿಂದ ಅನಾರೋಗ್ಯದ ಕಾರಣ ಮನೆಗೆ ಬಂದು, ತಗಡಿನ ಪಾತ್ರೆಗಳನ್ನು ಊರೂರಿಗೆ ಒಯ್ದು ಮಾರುತ್ತಿದ್ದವನು; ಹಾಸಿನ ಚಿತ್ರಗಳಿಗೆ ಹೆಂಗಸರಲ್ಲಿ ಬೇಡಿಕೆ ಇರುವುದನ್ನು ಕಂಡು, ತಗಡಿನಲ್ಲಿಯೇ ಹೂವು, ಎಲೆ, ಬಳ್ಳಿ, ಸಿಂಹಗಳ ಅಚ್ಚುಗಳನ್ನು ಕತ್ತರಿಸಿ, ಅವುಗಳ ಮೂಲಕ ಗೋಣಿತಾಟಿನ ಮೇಲೆ ಬಣ್ಣ ಹಾಯಿಸಿ, ಸಿದ್ಧ ವಿನ್ಯಾಸಗಳನ್ನು ಮಾರತೊಡಗಿದ. 1876ರಲ್ಲಿ ವ್ಯಾಪಾರವನ್ನು ಬೇರೆಯವರಿಗೆ ಮಾರಿ ಕ್ಯಾಲಿಫೋರ್ನಿಯಾದ ಬೆಚ್ಚನೆಯ ಹವೆಗೆ ಹೊರಟುಹೋದ. ಅವನ ಅಚ್ಚುಗಳು ಇಂದು ಮಿಷಿಗನ್ನಿನ ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯದಲ್ಲಿವೆ. ಬೆನ್ನು ಬಗ್ಗಿಸಿ ಕುಣಿಕೆ ಎಳೆದ ಸಾವಿರಾರು ಹೆಂಗಸರಲ್ಲಿ ಹೆಚ್ಚಿನವರ ಹೆಸರು ಎಲ್ಲಿಯೂ ಇಲ್ಲ; ಅಚ್ಚು ಕತ್ತರಿಸಿದವನ ಹೆಸರು ಎಲ್ಲ ಪುಸ್ತಕಗಳಲ್ಲಿದೆ.

ಬೆಲೆಯ ದೃಷ್ಟಿಯಿಂದ ಹೂವಿನ ಹಾಸು ಈ ಸಂಗ್ರಹಲೋಕದ ಬಡಪಾಯಿ. ಕುದುರೆ, ಹಡಗು, ಹಲ್ಲು ಕಿರಿಯುವ ನಾಯಿ, ಯಾರದೋ ಮನೆಯ ಚಿತ್ರ ಇರುವ ಹಾಸುಗಳಿಗೆ ಹರಾಜಿನಲ್ಲಿ ಬಿಡ್ಡುದಾರರು ಮುಗಿಬೀಳುತ್ತಾರೆ. ಅಚ್ಚಿನ ಗುಲಾಬಿಯನ್ನು ಕಂಡರೆ ಸುಮ್ಮನೆ ಹರಾಜುಪಟ್ಟಿಯ ಪುಟ ತಿರುವುತ್ತಾರೆ. ಇದಕ್ಕೆ ಅಪವಾದ ಮೇನಿನ ವಾಲ್ಡೊಬೊರೊ ಎಂಬ ಊರಿನ ಹೆಸರು ಹೊತ್ತ ಶೈಲಿ. ಅದರಲ್ಲಿ ಕುಣಿಕೆಗಳನ್ನು ಎತ್ತರಕ್ಕೆ ಎಳೆದು, ಆಮೇಲೆ ಕತ್ತರಿಯಿಂದ ಸವರಿ, ಹೂವಿನ ಬುಟ್ಟಿಯೇ ನೆಲದಿಂದ ಉಬ್ಬಿ ಬಂದಂತೆ ಮಾಡುತ್ತಾರೆ, ಮತ್ತು ಅದರ ಬೆಲೆಯೂ ಹಾಗೆಯೇ ಉಬ್ಬಿರುತ್ತದೆ. ಲೇಖಕನ ಒಲವು ಹೂವಿನ ಕಡೆಗೆ ಏಕೆ ಹರಿಯಿತೆಂಬುದಕ್ಕೆ ಸೌಂದರ್ಯಮೀಮಾಂಸೆಯ ಕಾರಣಗಳನ್ನು ಅವನು ಬಹಳ ಹೇಳುತ್ತಾನೆ, ಆದರೆ ನಾಯಿಯ ಬೆಲೆ ಕೇಳಿದ ದಿನವೇ ಆ ಮೀಮಾಂಸೆ ಹುಟ್ಟಿತೆಂಬುದನ್ನು ಇಲ್ಲಿ ದಾಖಲಿಸಬೇಕು. ಅದೂ ಅಲ್ಲದೆ ಈ ಹೂಗಳಲ್ಲಿ ಸಸ್ಯಶಾಸ್ತ್ರಕ್ಕೆ ಸಿಗದ ಒಂದು ಸ್ವಾತಂತ್ರ್ಯವಿದೆ: ದಳ ಗುಲಾಬಿಯದು, ಎಲೆ ಕುಂಬಳದ್ದು, ದಂಟು ಯಾವುದರದೂ ಅಲ್ಲ, ಹಸಿರು ಬಟ್ಟೆ ಮುಗಿದಲ್ಲಿ ಎಲೆ ನಿಸ್ಸಂಕೋಚವಾಗಿ ನೀಲಿಗೆ ತಿರುಗುತ್ತದೆ, ನೀಲಿಯೂ ಮುಗಿದಲ್ಲಿ ಅರ್ಧ ಎಲೆ ಕಂದು.

ಕೊಳ್ಳುವವನು ಪಾಲಿಸಬೇಕಾದ ವಿಧಿಗಳಿವೆ. ಹಾಸನ್ನು ಮಗುಚಿ ಬೆನ್ನನ್ನು ನೋಡಬೇಕು. ಮುಖದ ಬಣ್ಣ ಮಾಸಿ ಬೆನ್ನಿನ ಬಣ್ಣ ಹೊಳೆಯುತ್ತಿದ್ದರೆ ವಯಸ್ಸಾಗಿದೆಯೆಂದು ಅರ್ಥ, ಎರಡೂ ಕಡೆ ಒಂದೇ ಬಗೆಯ ಮಬ್ಬಿದ್ದರೆ ಯಾರೋ ಹೊಸ ಹಾಸನ್ನು ಚಹಾದ ನೀರಿನಲ್ಲಿ ಅದ್ದಿ ಮುದುಕಿ ಮಾಡಿರುವ ಸಂಭವವಿದೆ. ಬೆನ್ನಿಗೆ ರಬ್ಬರಿನ ಅಂಟು ಬಳಿದಿದ್ದರೆ ಅಲ್ಲಿಂದ ಹೊರಡಬೇಕು. ಹಾಸನ್ನು ಉಳಿಸುವ ಹೆಸರಿನಲ್ಲಿ ಈ ಅಂಟನ್ನು ಬಳಿದವರು ತಾಟನ್ನು ಉಸಿರುಕಟ್ಟಿಸಿ ಕೊಂದಿದ್ದಾರೆ, ಅವರನ್ನು ಕ್ಷಮಿಸುವಷ್ಟು ಉದಾರತೆ ಈ ಪ್ರಬಂಧಕ್ಕಿಲ್ಲ. ಇವೆಲ್ಲಕ್ಕಿಂತ ಮುಖ್ಯವಾದುದು ಕಿವಿಯ ಪರೀಕ್ಷೆ. ಸೆಣಬಿನ ನಾರಿನಲ್ಲಿ ಲಿಗ್ನಿನ್ ಎಂಬ, ಮರಕ್ಕೆ ಗಡಸುತನ ಕೊಡುವ ಅಂಶ ಹೆಚ್ಚಿರುವುದರಿಂದ ಅದು ಬೆಳಕು, ಗಾಳಿ, ತೇವಗಳಿಗೆ ಸಿಕ್ಕಿ ಕಾಲಕ್ರಮದಲ್ಲಿ ಆಮ್ಲೀಯವಾಗಿ ಪೆಡಸಾಗುತ್ತದೆ; ಇದನ್ನು ವ್ಯಾಪಾರಿಗಳು ‘ಡ್ರೈ ರಾಟ್’, ಅಂದರೆ ಒಣಕೊಳೆ ಎನ್ನುತ್ತಾರೆ. ಹಾಸಿನ ಮೂಲೆಯನ್ನು ಕಿವಿಯ ಹತ್ತಿರ ಮೆಲ್ಲಗೆ ಬಾಗಿಸಿದಾಗ ಸುಟ್ಟ ಹಪ್ಪಳ ಮುರಿದಂಥ ಸದ್ದು ಕೇಳಿದರೆ ಒಣಕೊಳೆ ಹಿಡಿದಿದೆಯೆಂದು ತಿಳಿಯಬೇಕು.

ಮ್ಯಾಸಚೂಸೆಟ್ಸಿನ ಬ್ರಿಮ್‌ಫೀಲ್ಡಿನಲ್ಲಿ 1959ರಿಂದ ನಡೆದುಬಂದಿರುವ, ವರ್ಷಕ್ಕೆ ಮೂರು ಸಲ ಹೊಲಗಳಲ್ಲಿ ಡೇರೆ ಹಾಕಿ ಸೇರುವ ಹಳೆಯ ವಸ್ತುಗಳ ಸಂತೆಯಲ್ಲಿ, ಒಂದು ಮೇ ತಿಂಗಳ ಬೆಳಿಗ್ಗೆ ಲೇಖಕನು ಈ ಪರೀಕ್ಷೆಯನ್ನು ಕೈಗೊಂಡನು. ನಡುವೆ ಮೂರು ಗುಲಾಬಿ, ಸುತ್ತ ಸುರುಳಿ ಎಲೆಗಳ ಅಂಚು, ಹಿನ್ನೆಲೆಗೆ ಮಾಸಿದ ಬೂದು ಇದ್ದ ಆ ಹಾಸು ನೆಲದ ಮೇಲಿನ ಟಾರ್ಪಾಲಿನಲ್ಲಿ ಬಿದ್ದಿದ್ದರಿಂದ ಲೇಖಕನೂ ನೆಲಕ್ಕಿಳಿಯಬೇಕಾಯಿತು. ಅವನು ಕುಕ್ಕರಗಾಲಿನಲ್ಲಿ ಕುಳಿತು, ಬಲಗಿವಿಯನ್ನು ಹಾಸಿಗೆ ತಾಗಿಸಿ, ಕಣ್ಣು ಮುಚ್ಚಿ, ಮೂಲೆಯನ್ನು ಬಾಗಿಸಿದನು. ಚಟ್ ಎಂದಿತು. ಅವನು ತಲೆಯೆತ್ತಿ, ರೋಗಿಯ ಬಂಧುಗಳನ್ನು ನೋಡುವ ವೈದ್ಯನಂತೆ ಅಂಗಡಿಯ ವೃದ್ಧೆಯನ್ನು ನೋಡಿ, ಮತ್ತೆ ಬಾಗಿದನು. ಚಟ್ ಚಟ್ ಎಂದಿತು. ಒಣಕೊಳೆಯ ವಿಷಯವನ್ನು ಅವನು ವಿಷಾದದಿಂದ ತಿಳಿಸಿ, ವಿಷಾದಕ್ಕೆ ತಕ್ಕ ರಿಯಾಯಿತಿಯನ್ನು ಸೂಚಿಸಿದನು. ವೃದ್ಧೆ ಒಪ್ಪದೆ, ತಾನೇ ಹಾಸನ್ನು ಎತ್ತಿ ಕಿವಿಯ ಬಳಿ ಬಾಗಿಸಿದಳು, ಸದ್ದಿಲ್ಲ. ಲೇಖಕನು ಬಾಗಿಸಿದನು; ಚಟ್. ಬೇರೆ ಮೂಲೆಯನ್ನು ವೃದ್ಧೆ ಬಾಗಿಸಿದಳು, ಮೌನ. ಅದೇ ಮೂಲೆಯನ್ನು ಲೇಖಕನು ಬಾಗಿಸಿದನು, ಚಟ್. ಭಾರತೀಯ ಕೈಗೆ ಮಾತ್ರ ಭಾರತೀಯ ಗೋಣಿ ದನಿಗೊಡುತ್ತಿರಬಹುದೆಂಬ ಊಹೆ ಒಂದು ಕ್ಷಣ ಅವನ ಮನಸ್ಸಿನಲ್ಲಿ ಮೂಡಿ ಅವನನ್ನು ರೋಮಾಂಚನಗೊಳಿಸಿತು. ಅಷ್ಟರಲ್ಲಿ ಪಕ್ಕದ ಡೇರೆಯ ವ್ಯಾಪಾರಿ, ಇಬ್ಬರು ಗಿರಾಕಿಗಳು, ಒಬ್ಬನ ನಾಯಿ, ಇಷ್ಟು ಮಂದಿ ವೀಕ್ಷಕರು ಸೇರಿ, ಎಲ್ಲರೂ ಉಸಿರು ಬಿಗಿಹಿಡಿದು ಕಿವಿಗೊಟ್ಟರು. ನಾಯಿಯೂ ತಲೆ ಓರೆ ಮಾಡಿತು. ಆಗ ವೃದ್ಧೆ, ಹಾಸನ್ನು ಮುಟ್ಟದೆ ಬರಿದೇ ಒಮ್ಮೆ ಎದ್ದು ನಿಲ್ಲುವಂತೆ ಲೇಖಕನನ್ನು ವಿನಯದಿಂದ ಕೇಳಿಕೊಂಡಳು. ಅವನು ಎದ್ದನು. ಚಟ್, ಚಟ್, ಚಟ್. ಕನ್ನಡದಲ್ಲಿ ಮಂಡಿ ಎಂಬ ಪದಕ್ಕೆ ಮೊಣಕಾಲಿನ ಕೀಲು ಎಂದೂ ಸಗಟು ವ್ಯಾಪಾರದ ಅಂಗಡಿ ಎಂದೂ ಎರಡರ್ಥಗಳಿದ್ದು, ಸದ್ದು ಬಂದದ್ದು ಮೊದಲನೆಯದರಿಂದ. ಸದ್ದು ಇದ್ದದ್ದು ನಿಜವೇ, ಆದರೆ ಆ ಮಾಲು ತನ್ನ ಅಂಗಡಿಯದಲ್ಲವಾದ್ದರಿಂದ ಅದಕ್ಕೆ ರಿಯಾಯಿತಿ ಕೊಡಲಾರೆನೆಂದು ವೃದ್ಧೆ ತೀರ್ಪಿತ್ತಳು. ಲೇಖಕನು ಪೂರ್ಣ ಬೆಲೆ ಕೊಟ್ಟನು. ಎಷ್ಟೆಂಬುದು ಅವನ ಮನೆಯಲ್ಲಿ ಇನ್ನೂ ಬಹಿರಂಗವಾಗಿಲ್ಲ.

ಮಂಡಿಯ ಎರಡನೆಯ ಅರ್ಥ ಆ ಬೇಸಿಗೆಯಲ್ಲಿ ಲೇಖಕನ ತಾಯಿಯ ಜೊತೆಗೆ ಊರಿನಿಂದ ಬಂದಿಳಿಯಿತು. ಲೇಖಕನ ತಂದೆ ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಗುಮಾಸ್ತರಾಗಿದ್ದವರು. ತಾಯಿಗೆ ಗೋಣಿಯ ಗುಣ ಹೆಬ್ಬೆರಳಿನ ತುದಿಯಲ್ಲಿದೆ. ಆಕೆ ಹಾಸನ್ನು ಮಗುಚಿ, ತಾಟನ್ನು ಉಜ್ಜಿ ನೋಡಿ, “ಏನೋ ಇದು, ಗೋಣಿತಾಟಿಗೆ ಹಳೇ ಬನೀನು ಸಿಗಿಸಿದಾರಲ್ಲೋ!” ಎಂದರು. ವಿದ್ವತ್‌ಗ್ರಂಥಗಳು ಪುಟಗಟ್ಟಲೆ ಹೇಳುವುದೂ ಇದನ್ನೇ. ಗೋಣಿ ಮಾತ್ರ ಒಳ್ಳೆಯದೆಂದು ಮೆಚ್ಚಿದ ಆಕೆ, ಸ್ವಲ್ಪ ಹೊತ್ತು ಬೆನ್ನಿನ ಮೇಲೆ ಬೆರಳಾಡಿಸಿ, ನೀಲಿ ಎಲೆಯ ಒಂದು ಪಟ್ಟಿಯಲ್ಲಿ ಹೊಲಿಗೆಯ ಗುರುತನ್ನು ಪತ್ತೆ ಮಾಡಿದರು: ಯಾವುದೋ ಅಂಗಿಯ ಕಾಜ, ಅಂದರೆ ಗುಂಡಿ ತೂರಿಸುವ ಸೀಳು, ಅರ್ಧ ಉಳಿದಿತ್ತು. “ಮಗೂದು ಕಣೋ. ಕಾಜ ಎಷ್ಟು ಚಿಕ್ಕದಿದೆ ನೋಡು” ಎಂದು ಸುಮ್ಮನಾದರು. ಮೂರು ತಿಂಗಳು ಆ ಹಾಸನ್ನು ಭೂತಗನ್ನಡಿ ಹಿಡಿದು ಓದಿದ್ದ ಲೇಖಕನು ಆ ಕಾಜವನ್ನು ಕಂಡಿರಲಿಲ್ಲ. ಮಗು ಬೆಳೆದು ಅಂಗಿ ಗಿಡ್ಡವಾಯಿತೋ, ಅಂಗಿ ಸರಿಯಾಗಿಯೇ ಇದ್ದು ತೊಡುವ ಮಗು ಇಲ್ಲವಾಯಿತೋ, ಎಲೆ ನೀಲಿಯಾದದ್ದು ಹಸಿರು ಬಟ್ಟೆ ಮುಗಿದು ಹೋಗಿದ್ದಕ್ಕೋ ಅಥವಾ ಆ ಅಂಗಿಯನ್ನು ಎಲ್ಲಿಯಾದರೂ ಇಡಲೇಬೇಕಾಗಿದ್ದಕ್ಕೋ, ಹಾಸು ಹೇಳುವುದಿಲ್ಲ.

ಮರುದಿನ ಬೆಳಿಗ್ಗೆ ತಾಯಿಯವರು, ಮಗ ಏಳುವುದರೊಳಗೆ ಮನೆಯ ಕೆಲಸಕ್ಕೆ ನೆರವಾಗಬೇಕೆಂಬ ಸದ್ಭಾವನೆಯಿಂದ, ಹಾಸನ್ನು ಹಿತ್ತಿಲಿಗೊಯ್ದು ಎರಡು ಕೈಯಲ್ಲಿ ಹಿಡಿದು ಫಟಫಟನೆ ಕೊಡವಿದರು. ಹಳೆಯ ತಾಟಿಗೆ ಕೊಡವುವುದಕ್ಕಿಂತ ದೊಡ್ಡ ಪೆಟ್ಟು ಬೇರೆಯಿಲ್ಲ. ಮೂರನೆಯ ಗುಲಾಬಿ ಹಿತ್ತಿಲಿನ ಹುಲ್ಲಿನ ಮೇಲೆ ಪಟ್ಟಿಪಟ್ಟಿಯಾಗಿ ಉದುರಿತು. ಕಾಜವಿದ್ದ ಎಲೆ ಉಳಿದಿದೆ. ಉದುರಿದ ಪಟ್ಟಿಗಳನ್ನು ಆರಿಸಿ ಒಂದು ಡಬ್ಬಿಯಲ್ಲಿಡಲಾಗಿದ್ದು, ಎರಡು ಗುಲಾಬಿಗಳ ಹಾಸು ಈಗ ಗೋಡೆಯ ಮೇಲಿದೆ, ಬಾಗಿಲಲ್ಲಿ ಕಾಲೊರಸಿಕೊಳ್ಳಲು ತಾಯಿ ಹೊಲಿದಿಟ್ಟುಹೋದ ಬೇರೊಂದು ಗೋಣಿಯಿದೆ. ಓದುಗರಲ್ಲಿ ಯಾರಿಗಾದರೂ ಇಂಥ ಹಾಸು ಸಿಕ್ಕಿದಲ್ಲಿ ಅದನ್ನು ಮಡಿಸದೆ, ಹೂವು ಹೊರಗೆ ಬರುವಂತೆ ಸುರುಳಿ ಸುತ್ತಿಡಬೇಕು. ಮನೆಗೆ ಹಿರಿಯರು ಬರುವವರಿದ್ದರೆ ಹಿಂದಿನ ರಾತ್ರಿಯೇ ಅಟ್ಟಕ್ಕೆ ಹಾಕಬೇಕು.