ಎದೆ ಮಿಂಚುವ ಕಾಕಾ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳ ಬಸ್ ನಿಲ್ದಾಣ, ಚಹಾದ ಹೋಟೆಲು, ಮದುವೆಯ ಹಂದರ, ಶ್ರಾವಣದಲ್ಲಿ ಪುರಾಣ ನಡೆಯುವ ಗುಡಿಯ ಕಟ್ಟೆ ಮೊದಲಾದೆಡೆ ಈಚಿನ ವರ್ಷಗಳಲ್ಲಿ ಕಾಣಸಿಗುವ ಒಂದು ಬಗೆಯ ಹಿರಿಯರನ್ನು ಗುರುತಿಸಲು ಅವರ ಮುಖ ನೋಡಬೇಕಾಗಿಲ್ಲ, ಅಂಗಿಯ ಎಡಗಿಸೆ ನೋಡಿದರೆ ಸಾಕು. ಬೀಡಿಯ ಕಟ್ಟೋ, ತಂಬಾಕಿನ ಚೀಲವೋ, ಶಾಯಿ ಸೋರುವ ಪೆನ್ನೋ ಇರುತ್ತಿದ್ದ ಆ ಕಿಸೆಯಲ್ಲಿ ಈಗ ಸ್ಮಾರ್ಟ್‌ಫೋನು ನೆಲೆಸಿದೆ. ಇಂದಿನ ಫೋನುಗಳು ಕಿಸೆಗಿಂತ ಉದ್ದವಾಗಿರುವುದರಿಂದ, ತೆರೆಯನ್ನು ಎದೆಯ ಕಡೆಗೆ ಮಾಡಿ ಇಟ್ಟುಕೊಂಡಾಗ ಹಿಂಬದಿಯ ಕ್ಯಾಮೆರಾ ಮತ್ತು ಅದರ ಪಕ್ಕದ ಪುಟ್ಟ ದೀಪ ಕಿಸೆಯ ಅಂಚಿನಿಂದ ಹೊರಗೆ ಇಣುಕುತ್ತವೆ. ಯಾರಾದರೂ ಫೋನ್ ಹಚ್ಚಿದ ಕೂಡಲೆ ಆ ದೀಪ ಝಗ್ ಝಗ್ ಎಂದು ಹೊತ್ತಿ ಆರತೊಡಗಿ, ಎದುರಿಗೆ ಕುಳಿತವರೆಲ್ಲ ಮುಖಕ್ಕೆ ಕೈ ಅಡ್ಡ ಹಿಡಿಯುತ್ತಾರೆ. ಕರೆ ಬಂದಿದೆ ಎಂಬುದು ಹೀಗೆ ಇಡೀ ಹಂದರಕ್ಕೆ ತಿಳಿಯುತ್ತದೆ, ಫೋನಿನ ಒಡೆಯರೊಬ್ಬರನ್ನು ಬಿಟ್ಟು. ಇವರನ್ನು ಈ ಬರಹದಲ್ಲಿ ಲೈಟಿನ ಕಾಕಾ ಎಂದು ಕರೆಯಲಾಗಿದೆ.

ಈ ದೀಪ ಒಂದು ಎಲ್‌ಇಡಿ, ಅಂದರೆ ವಿದ್ಯುತ್ತು ಹಾಯ್ದಾಗ ಬೆಳಕು ಸೂಸುವ ಅರೆವಾಹಕದ ತುಣುಕು. ನೀಲಿ ಬೆಳಕಿನ ಎಲ್‌ಇಡಿಯ ಮೇಲೆ ಹಳದಿ ಬೆಳಕು ಹೊಮ್ಮಿಸುವ ಲೇಪ ಕೊಟ್ಟಾಗ ಎರಡೂ ಬೆರೆತು ಬಿಳಿಯಾಗಿ ಕಾಣುತ್ತವೆ, ಮತ್ತು ಆ ನೀಲಿ ಎಲ್‌ಇಡಿಯನ್ನು ಸಾಧಿಸಿದ್ದಕ್ಕಾಗಿ ಅಕಾಸಾಕಿ, ಅಮಾನೊ, ನಕಾಮುರಾ ಎಂಬ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಸಂದಿತು. ಆ ಬೆಳಕು ಈ ಭಾಗದ ಚೌಡಾಪುರದ ಚಹಾದ ಹೋಟೆಲಿನಲ್ಲಿ ಮಿರ್ಚಿ ಭಜಿ ತಿನ್ನುವವರ ಕಣ್ಣಿಗೆ ಹೊಡೆಯಲಿದೆ ಎಂಬ ಕಲ್ಪನೆ ಆ ಮೂವರಿಗೂ ಇದ್ದಿರಲಾರದು. ಫೋಟೋ ತೆಗೆಯಲೆಂದು ಇಟ್ಟ ಈ ದೀಪವನ್ನು ಕರೆ ಮತ್ತು ಸಂದೇಶಗಳ ಸೂಚನೆಗೂ ಬಳಸುವ ಏರ್ಪಾಡು ಐಫೋನಿನಲ್ಲಿ 2011ರ ಐಒಎಸ್ 5ರೊಂದಿಗೆ ಬಂತು. ಆಂಡ್ರಾಯ್ಡ್ ಫೋನುಗಳಲ್ಲಿ ಕೆಲವು ಕಂಪನಿಗಳು ಮೊದಲೇ ಕೊಟ್ಟಿದ್ದವಾದರೂ, ಮೂಲ ವ್ಯವಸ್ಥೆಯೊಳಗೆ ಅದು ಸೇರಿದ್ದು 2023ರ ಆಂಡ್ರಾಯ್ಡ್ 14ರಲ್ಲಿ. ಎರಡರಲ್ಲಿಯೂ ಸೆಟ್ಟಿಂಗಿನೊಳಗಿನ ಆ್ಯಕ್ಸೆಸಿಬಿಲಿಟಿ ಎಂಬ ವಿಭಾಗಕ್ಕೆ, ಅಂದರೆ ಕಣ್ಣು, ಕಿವಿ, ಕೈಕಾಲುಗಳ ತೊಂದರೆ ಇರುವವರಿಗೆ ಅನುಕೂಲ ಮಾಡಿಕೊಡುವ ಭಾಗಕ್ಕೆ ಹೋದರೆ ಅದು ಸಿಗುತ್ತದೆ. ಕಿವಿ ಕೇಳದವರು ಕರೆಯನ್ನು ಕಣ್ಣಿನಿಂದ ತಿಳಿಯಲಿ ಎಂಬುದೇ ಅದರ ಉದ್ದೇಶ.

ಲೈಟಿನ ಕಾಕಾ ಈ ದಾರಿಯಿಂದ ಬಂದವರಲ್ಲ. ಅವರ ಫೋನಿಗೆ ದೀಪ ಹಾಕಿಕೊಟ್ಟದ್ದು ಬಸ್ ನಿಲ್ದಾಣದ ಎದುರಿನ ಮೊಬೈಲ್ ಅಂಗಡಿಯ ಹುಡುಗ. ಅವನು ಸೆಟ್ಟಿಂಗಿಗೆ ಹೋಗುವ ಗೋಜು ಬಿಟ್ಟು ಪ್ಲೇಸ್ಟೋರಿನಿಂದ ಒಂದು ಪುಕ್ಕಟೆ ಆ್ಯಪ್ ಇಳಿಸಿಬಿಟ್ಟಿರುತ್ತಾನೆ. ಅಂಥ ಆ್ಯಪುಗಳು ಎಲ್ಲ ನೋಟಿಫಿಕೇಶನ್ ಓದುವ ಅನುಮತಿ ಕೇಳುತ್ತವೆ, ಎಂದರೆ ಬ್ಯಾಂಕಿನ ಒಟಿಪಿ ಸಹಿತ ಬಂದ ಸಂದೇಶವೆಲ್ಲ ಅವುಗಳ ಕಣ್ಣಿಗೆ ಬೀಳಬಹುದು. ಜೊತೆಗೆ ಫೋನ್ ತೆರೆದಾಗಲೊಮ್ಮೆ ಜಾಹೀರಾತು ಕುಣಿಯುತ್ತದೆ. ಕಾಕಾ ಆ ಜಾಹೀರಾತುಗಳನ್ನು ಸರಕಾರದ ಪ್ರಕಟಣೆಯೆಂದು ತಿಳಿದು ಪೂರ್ತಿ ನೋಡುತ್ತಾರೆ.

ಇಷ್ಟಕ್ಕೇ ನಿಂತಿದ್ದರೆ ಇದು ಒಬ್ಬರ ಖಾಸಗಿ ಅಭಿರುಚಿಯಾಗಿ ಉಳಿಯುತ್ತಿತ್ತು. ಆದರೆ ದೀಪ ಪಡೆದವರು ಬಹುಬೇಗ ದೀಪ ಕೊಡುವವರಾಗುತ್ತಾರೆ. "ಕೊಡ್ರಿ ಇಲ್ಲಿ ಫೋನು, ಎರಡು ಮಿನಿಟಿನ ಕೆಲಸ" ಎಂದು ಕೈ ಚಾಚಿದಾಗ ಇಲ್ಲವೆನ್ನುವ ಧೈರ್ಯ ಆ ಭಾಗದಲ್ಲಿ ಯಾರಿಗೂ ಇಲ್ಲ, ಏಕೆಂದರೆ ಕಾಕಾ ಸಾಮಾನ್ಯವಾಗಿ ನಿವೃತ್ತ ಮಾಸ್ತರರಾಗಿದ್ದು, ಫೋನ್ ಹಿಡಿದವರ ಪೈಕಿ ಅರ್ಧ ಮಂದಿ ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರೇ. ಎರಡು ಮಿನಿಟಿನ ಕೆಲಸ ಮುಗಿಯುವ ಹೊತ್ತಿಗೆ ಚಹಾ ಆರುತ್ತದೆ, ಬಸ್ಸು ಹೋಗುತ್ತದೆ, ಫೋನಿನ ಭಾಷೆ ಮರಾಠಿಗೆ ತಿರುಗುತ್ತದೆ. ಇಂಥ ವಿಷಯಗಳ ಮೇಲೆ ಪಾಂಡಿತ್ಯಪೂರ್ಣವಾಗಿ ಬರೆಯುವವರ ಫೋನಿನಲ್ಲಿಯೂ ಕಾಕಾ ಹಚ್ಚಿದ ದೀಪ ಇಂದಿಗೂ ಹೊತ್ತುತ್ತಿದೆ ಎಂಬುದನ್ನು, ಆರಿಸುವ ದಾರಿ ಮೇಲೆ ತಾವೇ ವಿವರಿಸಿದ್ದರೂ ಅವರ ಬೆರಳು ಅತ್ತ ಹೋಗಿಲ್ಲ ಎಂಬುದನ್ನು ಓದುಗರು ಗಮನಿಸಬಹುದು.

ಕಾಕಾ ಸಿದ್ಧಾಂತಿಯೂ ಹೌದು. ರಿಂಗಿನ ಸದ್ದಿನಿಂದ ಮಂದಿಗೆ ತ್ರಾಸವಾಗುತ್ತದೆ, ಆದ್ದರಿಂದ ಸಭ್ಯರು ಫೋನನ್ನು ಸೈಲೆಂಟಿಗೆ ಹಾಕಿ ಬರೀ ದೀಪ ಇಟ್ಟುಕೊಳ್ಳಬೇಕು ಎಂಬುದು ಅವರ ವಾದ. ಈ ಸಭ್ಯತೆಯ ಪರಿಣಾಮವನ್ನು ಕಲಬುರಗಿಯಿಂದ ಅಫಜಲಪುರಕ್ಕೆ ಹೊರಟ ರಾತ್ರಿಯ ಬಸ್ಸೊಂದರಲ್ಲಿ ನೋಡುವ ಅವಕಾಶ ಒದಗಿತ್ತು. ಕತ್ತಲಾದ ಮೇಲೆ ಡ್ರೈವರರು ಬಸ್ಸಿನ ಒಳಗಿನ ದೀಪಗಳನ್ನು ಆರಿಸುವುದಕ್ಕೆ ಕಾರಣವಿದೆ: ಹೊರಗೆ ಕತ್ತಲೆ, ಒಳಗೆ ಬೆಳಕು ಇದ್ದರೆ ಮುಂದಿನ ಗಾಜು ಕನ್ನಡಿಯಾಗಿ, ರಸ್ತೆಯ ಬದಲು ಬಸ್ಸಿನ ಒಳಭಾಗವೇ ಅದರಲ್ಲಿ ಕಾಣುತ್ತದೆ. ಕಾಕಾ ಬಾಗಿಲ ಪಕ್ಕದ ಮೊದಲ ಸೀಟು ಹಿಡಿದು, ಊರು ದಾಟುವ ಮೊದಲೇ ಗೊರಕೆ ಹೊಡೆಯತೊಡಗಿದ್ದರು. ಯಾರೋ ಫೋನ್ ಹಚ್ಚಿದರು. ಗಾಜಿನ ತುಂಬ ಬೆಳಕು ಮಿಂಚಿ, ಎದುರಿನಿಂದ ಗಾಡಿಯೊಂದು ಡಿಪ್ಪರ್ ಹೊಡೆಯುತ್ತಿದೆಯೆಂದು ತಿಳಿದ ಡ್ರೈವರರು ತಾವೂ ಡಿಪ್ಪರ್ ಹೊಡೆದರು. ಬೆಳಕು ನಿಲ್ಲಲಿಲ್ಲ, ಗಾಡಿಯೂ ಬರಲಿಲ್ಲ. ಖಾಲಿ ರಸ್ತೆಯ ಜೊತೆ ಈ ಡಿಪ್ಪರ್ ಸಂವಾದ ಕೆಲಹೊತ್ತು ನಡೆದು, ಕೊನೆಗೆ ಅವರು ರೇಗಿ ಬ್ರೇಕು ಹಾಕಿದರು. ಆ ಬ್ರೇಕಿಗೆ ಬರಹಗಾರರೊಬ್ಬರ ಮೂಗು ಮುಂದಿನ ಸೀಟಿನ ಕಂಬಿಗೆ ಬಡಿದದ್ದರಿಂದ, ಪ್ರಸ್ತುತ ಅಧ್ಯಯನದಲ್ಲಿ ಅಲ್ಲಲ್ಲಿ ತಟಸ್ಥತೆ ತಪ್ಪಿರುವ ಸಾಧ್ಯತೆಯಿದೆ.

ಕಂಡಕ್ಟರರು ಬಂದು ಭುಜ ಅಲುಗಿಸಿ, "ಕಾಕಾ, ಏಳ್ರಿ, ನಿಮ್ಮ ಎದಿ ಮಿಂಚಲತ್ತದ" ಎಂದರು. "ಚೌಡಾಪುರ ಬಂತೇನ್ರಿ?" ಎಂದು ಎದ್ದ ಕಾಕಾ ಕಿಸೆಯಿಂದ ಫೋನ್ ತೆಗೆಯುವಷ್ಟರಲ್ಲಿ ಕರೆ ನಿಂತಿತ್ತು. ಅವರು ನಿಧಾನವಾಗಿ ಕನ್ನಡಕ ಹುಡುಕಿ ಹಾಕಿಕೊಂಡು, ತಿರುಗಿ ಫೋನ್ ಹಚ್ಚಿ, ಸ್ಪೀಕರ್ ಒತ್ತಿದರು. ಪುಣೆಯಲ್ಲಿರುವ ಮಗಳು. "ಅಪ್ಪಾ, ಬಸ್ ಸಿಕ್ತೇನು?" ಎಂದು ಆಕೆ ಕೇಳಿದಳು. "ಹೂಂವಾ, ಊಟ ಆಯ್ತು" ಎಂದರು ಕಾಕಾ. ಆಕೆ ಮತ್ತೆ ಕೇಳಿದಳು. "ತೊಗರಿ ಇನ್ನಾ ಮಾರಿಲ್ಲ" ಎಂದರು. ಮೂರನೆಯ ಸಲ ಕೇಳಿದಾಗ ಹಿಂದಿನ ಸೀಟುಗಳಿಂದ ಅರ್ಧ ಬಸ್ಸು ಒಂದೇ ದನಿಯಲ್ಲಿ, "ಬಸ್ ಸಿಕ್ತೇನು ಅಂತ ಕೇಳಲತ್ತಾಳ್ರಿ!" ಎಂದು ಕೂಗಿತು. ಕಾಕಾ ತಿರುಗಿ ನೋಡಿ, "ಗದ್ದಲ ಮಾಡಬ್ಯಾಡ್ರಿ, ಏನೂ ಕೇಳಸಲ್ದು" ಎಂದರು.

ಈ ದೀಪಕ್ಕೆ ಗುಣವಿಲ್ಲವೆಂದಲ್ಲ. 2019ರಲ್ಲಿ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಪಡೆದ ಕಲಬುರಗಿ ತೊಗರಿಯ ರಾಶಿಯ ಕಾಲದಲ್ಲಿ, ಹೊಟ್ಟು ಹಾರಿಸುತ್ತ ಗುಡುಗುವ ರಾಶಿ ಯಂತ್ರದ ಪಕ್ಕದಲ್ಲಿ ನಿಂತವರಿಗೆ ಯಾವ ರಿಂಗೂ ಕೇಳದು. ಭೀಮಾ ಮತ್ತು ಅಮರ್ಜಾ ಸಂಗಮವಿರುವ ದೇವಲ ಗಾಣಗಾಪುರದಲ್ಲಿ ಹುಣ್ಣಿಮೆಯ ಗದ್ದಲದಲ್ಲಿ ಜೊತೆ ತಪ್ಪಿದವರು ಫೋನ್ ಹಚ್ಚಿದರೆ ದೀಪವೊಂದೇ ಗತಿ. ಆದರೆ ಅಪಾಯವೂ ಇದೆ: ಬೆಳಕಿನ ಮಿಂಚಿನಿಂದ ಫಿಟ್ಸ್ ಬರುವವರಿದ್ದಾರೆ, ಆದ್ದರಿಂದಲೇ ವೆಬ್ ಪುಟಗಳಿಗಾಗಿ 2008ರಲ್ಲಿ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿ ಯಾವುದೂ ಸೆಕೆಂಡಿಗೆ ಮೂರು ಸಲಕ್ಕಿಂತ ಹೆಚ್ಚು ಮಿಂಚಬಾರದೆನ್ನುತ್ತದೆ. ಪ್ಲೇಸ್ಟೋರಿನ ಆ್ಯಪಿನಲ್ಲಿ ಮಿಂಚಿನ ವೇಗವನ್ನು ಏರಿಸುವ ಗುಂಡಿ ಇದ್ದರೆ ಕಾಕಾ ಅದನ್ನು ತುದಿಯವರೆಗೆ ಎಳೆದಿರುತ್ತಾರೆ.

ಆ ಬಸ್ಸಿನ ಪ್ರಸಂಗ ನಗು ತರಿಸುವಂಥದ್ದಾದರೂ ಅದರೊಳಗೆ ಇನ್ನೊಂದು ಸಂಗತಿಯಿದೆ. ವಯಸ್ಸಿನೊಂದಿಗೆ ಬರುವ ಕಿವಿಯ ಮಂದತೆಯಲ್ಲಿ ಮೊದಲು ಹೋಗುವುದು ಎತ್ತರದ ಸ್ವರಗಳು, ಎಂದರೆ ಹೆಣ್ಣುಮಕ್ಕಳ ಮತ್ತು ಕೂಸುಗಳ ದನಿ, ಫೋನಿನ ರಿಂಗು. ತಗ್ಗಿನ ಸ್ವರಗಳು ಬಹಳ ಕಾಲ ಉಳಿಯುತ್ತವೆ. ಆದ್ದರಿಂದ ಕಾಕಾ ನಾಲ್ಕು ಹೊಲದಾಚೆಯ ಟ್ರ್ಯಾಕ್ಟರ್ ಯಾರದೆಂದು ಸದ್ದಿನಿಂದಲೇ ಹೇಳಬಲ್ಲರು, ಮೊಣಕಾಲಿಗೆ ಒರಗಿ "ಮುತ್ಯಾ" ಎಂದು ಕರೆಯುವ ಮೊಮ್ಮಗಳ ದನಿ ಮಾತ್ರ ಅವರಿಗೆ ಮುಟ್ಟುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಎರಡೂ ಕಿವಿಗಳಲ್ಲಿ 60ರಿಂದ 70 ಡೆಸಿಬೆಲ್ (ಸದ್ದಿನ ಮಟ್ಟವನ್ನು ಅಳೆಯುವ ಮಾನ) ನಷ್ಟವಾದವರನ್ನು ಮಂದ ಕಿವಿಯವರೆಂದು ಗುರುತಿಸುತ್ತದೆ. ಅಳೆಯಿಸಿಕೊಂಡರೆ ತಾನೇ ಗುರುತಿಸುವುದು. 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದು ಮೈಸೂರಿನಲ್ಲಿ, ಆಳಂದದವರಿಗೆ ಅದು ಪುಣೆಗಿಂತ ದೂರ. ದೂರಕ್ಕಿಂತ ದೊಡ್ಡ ಅಡ್ಡಿ ಇನ್ನೊಂದು. ಕನ್ನಡಕ ಹಾಕಿದವರನ್ನು ಊರು ಓದಿದವರೆನ್ನುತ್ತದೆ, ಕಿವಿಗೆ ಮಿಷನ್ ಹಾಕಿದವರನ್ನು ಕಿವುಡ ಎನ್ನುತ್ತದೆ, ಅದೂ ಕೇಳಿಸುವಂತೆ. ಎಲ್ಲರ ಎದೆಯೂ ಮಿಂಚತೊಡಗಿದರೆ ತಮ್ಮ ಎದೆ ಏಕೆ ಮಿಂಚುತ್ತದೆಂದು ಕೇಳುವವರು ಇರುವುದಿಲ್ಲ ಎಂಬ ಲೆಕ್ಕ ಕಾಕಾನ ದೀಪದಾನದ ಹಿಂದೆ ಇದ್ದರೂ ಇರಬಹುದು.

ಮನೆಯಲ್ಲಿ ಅವರು ಫೋನನ್ನು ಗೋಡೆಯ ಗೂಡಿನಲ್ಲಿ ಬೋರಲು ಇಡುತ್ತಾರೆ. ಮಕ್ಕಳು ಪುಣೆ, ಮುಂಬೈ, ಸೋಲಾಪುರಗಳಿಗೆ ದುಡಿಯಲು ಹೋಗಿರುವ ಆ ಭಾಗದ ಎಷ್ಟೋ ಮನೆಗಳಂತೆ ಅಲ್ಲಿಯೂ ರಾತ್ರಿಯ ಊಟ ಫೋನ್ ಬಂದ ಮೇಲೆಯೇ. ದೀಪ ಹೊತ್ತಿದರೆ ಮಾಳಿಗೆಯ ತೊಲೆಗಳೆಲ್ಲ ಬೆಳಗುತ್ತವೆ, "ಏನ್ರಿ, ಪುಣೆದು ಬಂತು ನೋಡ್ರಿ" ಎಂದು ಅವರ ಹೆಂಡತಿ ಕಾಕು ಹೇಳುವ ಮೊದಲೇ ಕಾಕಾ ಎದ್ದಿರುತ್ತಾರೆ. ಅಲ್ಲಿ ಆ ದೀಪ ಯಾರ ಕಣ್ಣಿಗೂ ಚುಚ್ಚುವುದಿಲ್ಲ, ಆಕ್ಷೇಪಿಸಲು ಯಾರೂ ಉಳಿದಿಲ್ಲ.

ಈಚೆಗೆ ಕಾಕಾ ಹೊಸ ಫೋನ್ ಕೊಂಡಿದ್ದಾರೆ. ಅದರೊಳಗಿನ ಆಂಡ್ರಾಯ್ಡ್ 14ರಲ್ಲಿ ಕ್ಯಾಮೆರಾದ ದೀಪವಲ್ಲದೆ ಇಡೀ ತೆರೆಯೇ ಮಿಂಚುವ ಸೌಲಭ್ಯವಿದ್ದು, ಅದರ ಬಣ್ಣವನ್ನು ಆರಿಸಿಕೊಳ್ಳಬಹುದಾಗಿದೆ. ಬಣ್ಣ ಯಾವುದಿರಬೇಕೆಂಬ ಚರ್ಚೆ ಚೌಡಾಪುರದ ಹೋಟೆಲಿನಲ್ಲಿ ನಡೆಯಿತು. ಕೇಸರಿ ಎಂದೊಡನೆ ಒಂದು ಬೆಂಚು ಎದ್ದಿತು, ಹಸಿರು ಎಂದೊಡನೆ ಇನ್ನೊಂದು ಬೆಂಚು. ನೀಲಿಗೆ ಹಕ್ಕುದಾರರು ಬಾಗಿಲಲ್ಲಿಯೇ ನಿಂತಿದ್ದರು. ಹಳದಿ ಭಂಡಾರದ ಬಣ್ಣ, ಅದನ್ನು ಕಿಸೆಯಲ್ಲಿ ಹಾಕಿಕೊಂಡು ಎಲ್ಲೆಂದರಲ್ಲಿ ಹೋಗಬಾರದೆಂದು ಮೈಲಾರಲಿಂಗನ ಒಕ್ಕಲಿನವರೊಬ್ಬರು ತಡೆದರು. ಯಾವ ಪಕ್ಷವೂ ದೇವರೂ ಕೇಳದ ಗುಲಾಬಿಯೇ ಕೊನೆಗೆ ಉಳಿಯಿತು. ಕಾಕಾ ಚಹಾದ ಬಟ್ಟಲು ಕೆಳಗಿಟ್ಟು, ಹತ್ತಿರದ ಬೆಂಚಿನವರ ಕಡೆಗೆ ಕೈ ಚಾಚಿದರು. ಹಳೆಯ ಫೋನಿನವರಿಗೆ, ತೊಗರಿ ಮಾರಿದ ಕೂಡಲೆ ಹೊಸದು ಕೊಳ್ಳಬೇಕೆಂದು ತಾಕೀತು ಮಾಡಿದರು.